ಆ ಒಂದು ಗಂಟೆಯ ತಡ

ಸೋಮವಾರಪೇಟೆ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ 1918ರ ಅಮೆರಿಕದ ಬೇಸ್‌ಬಾಲ್ ಬಗ್ಗೆ ಬರೆದಿರಿ. ಹೊರಗೆ ಯುದ್ಧ. ಗಾಯಗೊಂಡ ಸೈನಿಕರು ಗ್ಯಾಲರಿಯಲ್ಲಿ ಕೂತಿದ್ದಾರೆ. ಆಟಗಾರರು ಮಾತ್ರ ದುಡ್ಡು ಸಾಲದು ಅಂತ ಒಂದು ಗಂಟೆ ಮೈದಾನಕ್ಕೇ ಇಳಿಯಲಿಲ್ಲ. ಅದನ್ನು ನೀವು ಹಕ್ಕು ಅಂದಿರಿ. ಶಿಪ್‌ಯಾರ್ಡಿಗೆ ಓಡಿದವರ ಪರವಾಗಿಯೂ ಬರೆದಿರಿ. 22 ವರ್ಷ ಸೈನ್ಯದಲ್ಲಿದ್ದ ನನಗೆ ಹೊಟ್ಟೆ ಉರಿಯಿತು. ಇನ್ನೊಂದು ಮಾತು. ನನ್ನ ಪಿಂಚಣಿ ಬಾಕಿ 2 ವರ್ಷದಿಂದ ಬಂದಿಲ್ಲ. 5 ಅರ್ಜಿ ಹಾಕಿದ್ದೇನೆ. ಅದರ ಬಗ್ಗೆಯೂ ಬರೆಯಿರಿ."

ಹವಾಲ್ದಾರ್ ಸಾಹೇಬರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಿಟ್ಟು ಬಂದರೂ ಒಂದು ಕೆಟ್ಟ ಪದ ಬಳಸದೆ ಬರೆದಿದ್ದೀರಿ. ಅಂಥ ಪತ್ರಗಳು ಈಗೀಗ ಅಪರೂಪ.

ನಿಮ್ಮ ಮಾತಿನಲ್ಲಿ ನ್ಯಾಯವಿದೆ. ಫ್ರಾನ್ಸಿನ ಕಂದಕಗಳಲ್ಲಿದ್ದ ಅಮೆರಿಕದ ಸೈನಿಕರ ಪತ್ರಿಕೆ 'ಸ್ಟಾರ್ಸ್ ಆ್ಯಂಡ್ ಸ್ಟ್ರೈಪ್ಸ್' ಆ ಜುಲೈನಲ್ಲಿ ತನ್ನ ಕ್ರೀಡಾ ಪುಟವನ್ನೇ ನಿಲ್ಲಿಸಿತ್ತು. ಗುಂಡಿನ ಎದುರು ನಿಂತವರಿಗೆ ಚೆಂಡಾಟದ ಸುದ್ದಿ ಬೇಡವೆನಿಸಿದರೆ ಅದು ತಪ್ಪಲ್ಲ.

ಆದರೆ ಆ ಒಂದು ಗಂಟೆಗೆ ಮೊದಲು ಏನಾಯಿತು ಅಂತಲೂ ನೋಡಬೇಕು, ಅಲ್ವಾ?

ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದದ್ದು 1917ರ ಏಪ್ರಿಲ್‌ನಲ್ಲಿ. ಆ ವರ್ಷ ಆಟಗಾರರು ಬ್ಯಾಟನ್ನೇ ಬಂದೂಕಿನ ಹಾಗೆ ಹೆಗಲಿಗಿಟ್ಟು ಮೈದಾನದಲ್ಲಿ ಕವಾಯತು ಮಾಡಿದರು. ಮಾಲೀಕರಿಗೆ ಅದು ಚೆನ್ನಾಗಿ ಕಾಣಿಸಿತು. ಮರುವರ್ಷ ಮೇ ತಿಂಗಳಲ್ಲಿ ಕಡ್ಡಾಯ ಸೈನ್ಯ ಭರ್ತಿ ನೋಡಿಕೊಳ್ಳುತ್ತಿದ್ದ ಜನರಲ್ ಎನಾಕ್ ಕ್ರೌಡರ್ ಆದೇಶ ಬಂತು: ಯುದ್ಧಕ್ಕೆ ಬೇಕಾದ ಕೆಲಸ ಮಾಡಿ, ಇಲ್ಲವೇ ಸೈನ್ಯಕ್ಕೆ ಬನ್ನಿ. ನಾಟಕದ ನಟರಿಗೆ ವಿನಾಯಿತಿ ಸಿಕ್ಕಿತು. ಬೇಸ್‌ಬಾಲ್ ಅನಗತ್ಯ ಅಂತ ಯುದ್ಧ ಮಂತ್ರಿ ನ್ಯೂಟನ್ ಬೇಕರ್ ಜುಲೈನಲ್ಲಿ ತೀರ್ಪು ಕೊಟ್ಟರು. ಸೆಪ್ಟೆಂಬರ್ ಮೊದಲಲ್ಲೇ ಸೀಸನ್ ಮುಗಿಸಬೇಕಾಯಿತು.

ಆಗ ಮಾಲೀಕರು ಏನು ಮಾಡಿದರು ಗೊತ್ತಾ? ಎಲ್ಲ ಆಟಗಾರರಿಗೂ ನೋಟಿಸ್ ಕೊಟ್ಟು ಕರಾರು ಮುರಿದರು. ಉಳಿದ ತಿಂಗಳ ಸಂಬಳ ಉಳಿಯಿತು. ಕರಾರು ಮುರಿದ ಮೇಲೆ ಆಟಗಾರ ಯಾವ ತಂಡಕ್ಕೆ ಬೇಕಾದರೂ ಹೋಗಬಹುದು ತಾನೆ? ಅದೂ ಇಲ್ಲ. ಒಬ್ಬರ ಆಟಗಾರನನ್ನು ಇನ್ನೊಬ್ಬರು ತೆಗೆದುಕೊಳ್ಳಬಾರದು ಅಂತ ಮಾಲೀಕರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಬ್ರೂಕ್ಲಿನ್ ತಂಡದ ಜೇಕ್ ಡಾಬರ್ಟ್ ಉಳಿದ ಸಂಬಳಕ್ಕಾಗಿ ಕೋರ್ಟಿಗೆ ಹೋದ. ಕೊನೆಗೆ ರಾಜಿಯಾಯಿತು. ಮರುವರ್ಷ ಅವನು ಬ್ರೂಕ್ಲಿನ್‌ನಲ್ಲಿ ಇರಲಿಲ್ಲ. ಸಿನ್ಸಿನಾಟಿಗೆ ಕಳಿಸಿಬಿಟ್ಟಿದ್ದರು.

ಶಿಪ್‌ಯಾರ್ಡಿಗೆ ಓಡಿದವರು ಅಂದಿರಿ. ಆಗಿನ ಹೆಸರಾಂತ ಆಟಗಾರ ಶೂಲೆಸ್ ಜೋ ಜಾಕ್ಸನ್ ಡೆಲವೇರ್‌ನ ವಿಲ್ಮಿಂಗ್ಟನ್‌ನಲ್ಲಿ ಹಡಗು ಕಟ್ಟುವ ಕೆಲಸಕ್ಕೆ ಸೇರಿದ. ಪತ್ರಿಕೆಗಳು ಅವನನ್ನು ಹೇಡಿ ಅಂದವು. ಆದರೆ ಸರ್ಕಾರದ ಆದೇಶವೇ ಅದನ್ನು ಹೇಳಿತ್ತಲ್ಲ, ಕೆಲಸ ಮಾಡಿ ಇಲ್ಲವೇ ಹೋರಾಡಿ ಅಂತ! ಅವನು ಕೆಲಸ ಆರಿಸಿಕೊಂಡ, ಅಷ್ಟೆ.

ಸೈನ್ಯ ಸೇರಿದವರೂ ಕಡಿಮೆ ಇರಲಿಲ್ಲ. ದೊಡ್ಡ ಲೀಗ್‌ಗಳಿಂದ ಇನ್ನೂರಕ್ಕೂ ಹೆಚ್ಚು ಜನ ಹೋದರು. ಬೋಸ್ಟನ್ ಬ್ರೇವ್ಸ್‌ನ ಕ್ಯಾಚರ್ ಹ್ಯಾಂಕ್ ಗೌಡಿ ಎಲ್ಲರಿಗಿಂತ ಮೊದಲು ಹೆಸರು ಬರೆಸಿದ. ಎಡ್ಡಿ ಗ್ರಾಂಟ್ ಹಾರ್ವರ್ಡ್‌ನಲ್ಲಿ ಕಾನೂನು ಓದಿದವನು. ಆಟ ಬಿಟ್ಟು ವಕೀಲನಾಗಿದ್ದ. ಮನೆಯಲ್ಲೇ ಕೂರಬಹುದಿತ್ತು. ಸೈನ್ಯ ಸೇರಿ ಕ್ಯಾಪ್ಟನ್ ಆದ. 1918ರ ಅಕ್ಟೋಬರ್ 5ರಂದು ಆರ್ಗಾನ್ ಕಾಡಿನಲ್ಲಿ, ಶತ್ರುಗಳ ನಡುವೆ ಸಿಕ್ಕಿಬಿದ್ದ ತನ್ನವರನ್ನು ಬಿಡಿಸಿ ತರಲು ಹೊರಟಿದ್ದಾಗ ಶೆಲ್ ಬಿದ್ದು ಸತ್ತ. 35 ವರ್ಷ. ನೀವು ಸೈನ್ಯದಲ್ಲಿದ್ದವರು, ಇದನ್ನು ನನಗಿಂತ ಚೆನ್ನಾಗಿ ಬಲ್ಲಿರಿ.

ಇನ್ನು ಗ್ರೋವರ್ ಅಲೆಕ್ಸಾಂಡರ್. ಅವನ ಕಥೆ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. 1915, 1916, 1917, ಮೂರು ವರ್ಷವೂ 30 ಅಥವಾ ಹೆಚ್ಚು ಪಂದ್ಯ ಗೆಲ್ಲಿಸಿಕೊಟ್ಟ ಪಿಚರ್, ಅಂದರೆ ಚೆಂಡೆಸೆಯುವವನು. ಫಿಲಡೆಲ್ಫಿಯಾ ತಂಡ ಅವನನ್ನು ಚಿಕಾಗೋ ಕಬ್ಸ್‌ಗೆ ಮಾರಿಬಿಟ್ಟಿತು. ಇಂದೋ ನಾಳೆಯೋ ಸೈನ್ಯ ಕರೆಯುತ್ತದೆ ಅನ್ನೋ ಲೆಕ್ಕದಲ್ಲೇ ಮಾರಿದರು ಅನ್ನೋ ಮಾತು ಆಗಿನಿಂದಲೂ ಇದೆ. 1918ರಲ್ಲಿ ಬರೀ 3 ಪಂದ್ಯ ಆಡಿ ಅವನು ತೋಪು ಪಡೆಗೆ ಹೋದ. ವಾಪಸ್ ಬರುವಾಗ ಒಂದು ಕಿವಿಗೆ ಪೆಟ್ಟಾಗಿತ್ತು. ಮೂರ್ಛೆ ರೋಗ ಕಾಡಿತು, ಕುಡಿತ ಹತ್ತಿತು.

ಈಗ ಆ ಒಂದು ಗಂಟೆಗೆ ಬರೋಣ. ಬೋಸ್ಟನ್ ರೆಡ್ ಸಾಕ್ಸ್ ಮತ್ತು ಕಬ್ಸ್ ನಡುವಿನ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಫೈನಲ್ ಸರಣಿ, ಸೆಪ್ಟೆಂಬರ್ 5ರಂದು ಚಿಕಾಗೋದಲ್ಲಿ ಶುರುವಾಯಿತು. ಮೊದಲ ಪಂದ್ಯದ ಏಳನೇ ಇನಿಂಗ್ಸ್‌ನಲ್ಲಿ ಬ್ಯಾಂಡಿನವರು 'ಸ್ಟಾರ್ ಸ್ಪ್ಯಾಂಗಲ್ಡ್ ಬ್ಯಾನರ್' ನುಡಿಸಿದರು. ಆಗಿನ್ನೂ ಅದು ರಾಷ್ಟ್ರಗೀತೆ ಆಗಿರಲಿಲ್ಲ, ಆದದ್ದು 1931ರಲ್ಲಿ. ನೌಕಾಪಡೆಯಿಂದ ರಜೆ ಪಡೆದು ಆಡಲು ಬಂದಿದ್ದ ಫ್ರೆಡ್ ಥಾಮಸ್ ಮೈದಾನದಲ್ಲೇ ಸೆಲ್ಯೂಟ್ ಹೊಡೆದು ನಿಂತ. ಜನ ಎದ್ದು ನಿಂತು ಹಾಡಿದರು.

ವಿಜೇತರಿಗೆ ತಲಾ ಸುಮಾರು 2,000 ಡಾಲರ್ ಸಿಗುತ್ತದೆ ಅಂತ ಆಟಗಾರರು ನಂಬಿದ್ದರು. ಹಿಂದಿನ ವರ್ಷ ಗೆದ್ದವರಿಗೆ 3,600ಕ್ಕೂ ಜಾಸ್ತಿ ಸಿಕ್ಕಿತ್ತು. ಈ ಸಲ ಟಿಕೆಟ್ ಬೆಲೆ ಇಳಿಸಿದ್ದರು, ಜನವೂ ಕಡಿಮೆ. ಅದರ ಮೇಲೆ ಆಟಗಾರರ ಪಾಲಿನಿಂದಲೇ ಸರಣಿ ಆಡದ ಬೇರೆ ತಂಡಗಳಿಗೂ ಹಂಚುವ ಹೊಸ ನಿಯಮ. ಸೆಪ್ಟೆಂಬರ್ 10ರಂದು, ಐದನೇ ಪಂದ್ಯಕ್ಕೆ ಮೊದಲು ಎರಡೂ ತಂಡದವರು ಮಾತಾಡಿ ಕೂತರು. ರೆಡ್ ಸಾಕ್ಸ್‌ನ ಹ್ಯಾರಿ ಹೂಪರ್ ಎಲ್ಲರ ಪರವಾಗಿ ಆಡಳಿತದವರ ಹತ್ತಿರ ಹೋದ. ಒಪ್ಪಂದ ಆಗಲಿಲ್ಲ. ಆದರೂ ಆಟಗಾರರು ಇಳಿದರು. ಜನರಿಗಾಗಿ, ಅಲ್ಲಿ ಕೂತಿದ್ದ ಗಾಯಾಳು ಸೈನಿಕರಿಗಾಗಿ ಆಡುತ್ತೇವೆ ಅಂತ ಹೇಳಿಸಿಯೇ ಇಳಿದರು. ಈ ಮಾತು ನಿಮ್ಮ ಪತ್ರದಲ್ಲಿ ಇಲ್ಲ, ಹವಾಲ್ದಾರ್ ಸಾಹೇಬರೇ. ಅದನ್ನು ನೀವು ಬಿಡಬಾರದಿತ್ತು.

ಮರುದಿನ ರೆಡ್ ಸಾಕ್ಸ್ ಸರಣಿ ಗೆದ್ದಿತು. ಕೈಗೆ ಬಂದದ್ದು ತಲಾ ಸುಮಾರು 1,100 ಡಾಲರ್. ಸೋತವರಿಗೆ 670. ಯಾರ ಮೇಲೂ ಕ್ರಮ ಇಲ್ಲ ಅಂತ ಹೂಪರ್‌ಗೆ ಮಾತು ಕೊಟ್ಟಿದ್ದರು. ಡಿಸೆಂಬರ್‌ನಲ್ಲಿ ಕಾಗದ ಬಂತು: ನಿಮಗೆ ವಿಜೇತರ ಪದಕ ಇಲ್ಲ. ಹೂಪರ್ ಬದುಕಿದ್ದಷ್ಟು ಕಾಲ ಅದಕ್ಕಾಗಿ ಪತ್ರ ಬರೆದ. 1974ರಲ್ಲಿ ತೀರಿಕೊಂಡ. ಪದಕ ಬಂದದ್ದು 1993ರಲ್ಲಿ, ಆ ತಂಡದವರ ಮನೆಯವರ ಕೈಗೆ.

ನಾನು ಹುಡುಗನಾಗಿದ್ದಾಗ ನಮ್ಮ ತಾಲೂಕಿನ ಕಬಡ್ಡಿ ತಂಡದಲ್ಲಿದ್ದೆ. ಒಂದು ಸಲ ಫೈನಲ್ ಗೆದ್ದೆವು. ಬಹುಮಾನದ ಹಣ ಬರ ಪರಿಹಾರಕ್ಕೆ ಕೊಡೋಣ ಅಂತ ಸಂಘಟಕರು ಮೈಕಿನಲ್ಲೇ ಹೇಳಿಬಿಟ್ಟರು. ನಾವೂ ಚಪ್ಪಾಳೆ ತಟ್ಟಿದೆವು. ಆದರೆ ನಮ್ಮ ರೈಡರ್ ಕೂಲಿ ಮಾಡುವವನು. 3 ದಿನದ ಕೂಲಿ ಬಿಟ್ಟು ಬಂದಿದ್ದ. ಬಸ್ ಚಾರ್ಜ್ ಆದರೂ ಕೊಡಿ ಅಂತ ಕೇಳಿದ್ದಕ್ಕೆ "ಊರಿನ ಮಾನ ದೊಡ್ಡದೋ, ನಿನ್ನ ಬಸ್ ಚಾರ್ಜ್ ದೊಡ್ಡದೋ" ಅಂದರು. ಅವನಿಗೆ ಶಾಲು ಹೊದೆಸಿದ್ದರು. ಆ ಶಾಲು ಹೊದ್ದುಕೊಂಡೇ 11 ಮೈಲಿ ನಡೆದು ಮನೆಗೆ ಹೋದ. ಇವತ್ತಿಗೂ ಆಟಗಾರರನ್ನು ವೇದಿಕೆಗೆ ಕರೆದು ಹಾರ ಹಾಕುತ್ತೇವೆ, ಘೋಷಿಸಿದ ಹಣಕ್ಕೆ ವರ್ಷಗಟ್ಟಲೆ ಅಲೆಸುತ್ತೇವೆ. ಕೇಳಿದರೆ ದುಡ್ಡಿನ ಆಸೆ ಅನ್ನುತ್ತೇವೆ.

ನೀವು ಪಿಂಚಣಿ ಬಾಕಿಗೆ 5 ಅರ್ಜಿ ಹಾಕಿದ್ದೀರಿ. ನಿಮ್ಮನ್ನು ದುಡ್ಡಿನ ಆಸೆಯವರು ಅಂತ ಯಾರಾದರೂ ಅಂದರೆ ನಾನು ಸುಮ್ನೆ ಇರುವುದಿಲ್ಲ. ಅದು ನಿಮ್ಮ ದುಡ್ಡು. ಹೂಪರ್ ಕೇಳಿದ್ದೂ ತಮ್ಮದನ್ನೇ. ಐದೂ ಅರ್ಜಿಗಳ ನಕಲು, ಅವಕ್ಕೆ ಬಂದ ಉತ್ತರ ಇದ್ದರೆ ಅದನ್ನೂ ನನಗೆ ಕಳಿಸಿ. ಮುಂದಿನ ಸಂಚಿಕೆಯ ಇದೇ ಪುಟ ನಿಮಗೆ ಇಟ್ಟಿದ್ದೇನೆ.