ಫೋನ್ ಅಗ್ಗ, ಹೊರಬರುವುದು ದುಬಾರಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಹೊಸ ಫೋನ್ ಕೊಳ್ಳಬೇಕೆಂದಿದ್ದೇನೆ. ಪೂರ್ತಿ ಹಣ ಕೊಟ್ಟು ಕೊಂಡರೆ 900 ಡಾಲರ್. ಅದೇ ಫೋನನ್ನು ಒಂದು ಟೆಲಿಕಾಂ ಕಂಪನಿ 36 ತಿಂಗಳ ಯೋಜನೆಯಲ್ಲಿ ‘ಉಚಿತ’ವಾಗಿ ಕೊಡುತ್ತೇನೆ ಎನ್ನುತ್ತಿದೆ. ಸುಮ್ಮನೆ ಸಿಗುವುದನ್ನು ಬಿಡಬೇಡ ಅಂತ ನನ್ನ ತಮ್ಮ ಒತ್ತಾಯ ಮಾಡುತ್ತಿದ್ದಾನೆ. ಇದರಲ್ಲಿ ತೊಡಕೇನಾದರೂ ಇದೆಯೇ? ಒಂದೆರಡು ವರ್ಷದಲ್ಲಿ ನಾನು ಬೇರೆ ದೇಶಕ್ಕೆ ಹೋಗುವ ಸಾಧ್ಯತೆಯೂ ಇದೆ.

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯವೇ ಇಲ್ಲಿ ಮುಖ್ಯ. ಮೂರು ವರ್ಷ ಅದೇ ಕಂಪನಿಯಲ್ಲಿ, ಅದೇ ಪ್ಲಾನ್‌ನಲ್ಲಿ ಇರುತ್ತೇನೆ ಎಂಬ ಖಾತ್ರಿ ನಿಮಗಿಲ್ಲದಿದ್ದರೆ ಈ ಫೋನ್ ನಿಮಗೆ ಉಚಿತವಲ್ಲ.

ಇಂಥ ಯೋಜನೆಗಳಲ್ಲಿ ಕಂಪನಿ ಫೋನಿನ ಬೆಲೆಯನ್ನು ಇಳಿಸಿರುವುದೇ ಇಲ್ಲ. 900 ಡಾಲರನ್ನು 36 ಕಂತು ಮಾಡಿ, ತಿಂಗಳಿಗೆ 25ರಂತೆ ನಿಮ್ಮ ಹೆಸರಿಗೆ ಸಾಲ ಬರೆಯುತ್ತದೆ. ಅದೇ ಬಿಲ್ಲಿನಲ್ಲಿ 25 ಡಾಲರ್ ರಿಯಾಯಿತಿ ತೋರಿಸಿ ಕಳೆಯುತ್ತದೆ. ಎರಡೂ ಸರಿಹೋಗುವುದರಿಂದ ನಿಮಗೆ ಸಾಲ ಕಾಣಿಸುವುದಿಲ್ಲ. 14 ತಿಂಗಳಾದ ಮೇಲೆ ನೀವು ಕಂಪನಿ ಬಿಟ್ಟಿರಿ ಎನ್ನಿ. ರಿಯಾಯಿತಿ ಅಲ್ಲಿಗೇ ನಿಲ್ಲುತ್ತದೆ, ಸಾಲ ನಿಲ್ಲುವುದಿಲ್ಲ. ಉಳಿದ 22 ಕಂತು, ಅಂದರೆ 550 ಡಾಲರ್, ಒಟ್ಟಿಗೆ ಕಟ್ಟಬೇಕಾಗುತ್ತದೆ. ಕಂಪನಿಯಲ್ಲೇ ಉಳಿದು ಅಗ್ಗದ ಪ್ಲಾನ್‌ಗೆ ಇಳಿದರೂ ರಿಯಾಯಿತಿ ತಪ್ಪಿಸುವ ಷರತ್ತು ಅನೇಕ ಯೋಜನೆಗಳಲ್ಲಿದೆ. ಸಹಿ ಹಾಕುವ ಮೊದಲು ಈ ಒಂದು ಷರತ್ತನ್ನು ಹುಡುಕಿ ಓದಲೇಬೇಕು.

ಆಮೇಲೆ ಪ್ಲಾನ್‌ನ ಲೆಕ್ಕ. ‘ಉಚಿತ’ ಫೋನ್ ಸಾಮಾನ್ಯವಾಗಿ ಮೇಲಿನ ದರ್ಜೆಯ ಪ್ಲಾನ್‌ಗಷ್ಟೇ ಸಿಗುತ್ತದೆ. ನಿಮಗೆ ನಿಜವಾಗಿ ಸಾಕಾಗುವ ಪ್ಲಾನ್‌ಗಿಂತ ಅದು ತಿಂಗಳಿಗೆ 15 ಡಾಲರ್ ಹೆಚ್ಚಾಗಿದ್ದರೆ, 36 ತಿಂಗಳಲ್ಲಿ 540 ಡಾಲರ್ ನಿಮ್ಮ ಕೈಯಿಂದಲೇ ಹೋಗುತ್ತದೆ. ಹಳೆಯ ಫೋನನ್ನೂ ಒಪ್ಪಿಸಬೇಕೆಂಬ ಷರತ್ತಿದ್ದರೆ ಅದನ್ನು ಮಾರಿದರೆ ಬರುತ್ತಿದ್ದ ಹಣವನ್ನೂ ಸೇರಿಸಿಕೊಳ್ಳಿ.

ಈ ಲೆಕ್ಕಾಚಾರ ಹೊಸದಲ್ಲ. 2007ರಲ್ಲಿ ಅಮೆರಿಕದಲ್ಲಿ ಮೊದಲ ಐಫೋನ್ ಬಂದಾಗ ಬೆಲೆ 499 ಮತ್ತು 599 ಡಾಲರ್. ಕೆಲವೇ ತಿಂಗಳಲ್ಲಿ 8 ಜಿಬಿ ಮಾದರಿ 399ಕ್ಕೆ ಇಳಿಯಿತು. 2008ರ ಐಫೋನ್ 3ಜಿ ಎರಡು ವರ್ಷದ ಕರಾರಿನ ಮೇಲೆ 199 ಡಾಲರ್‌ಗೆ ಸಿಕ್ಕಿತು. 200 ಡಾಲರ್ ಉಳಿಯಿತೆಂದು ಜನ ಸಂತೋಷಪಟ್ಟರು. ಆದರೆ ಎಟಿ ಅಂಡ್ ಟಿ ಕಂಪನಿಯ ಡೇಟಾ ದರ ತಿಂಗಳಿಗೆ 20ರಿಂದ 30 ಡಾಲರ್‌ಗೆ ಏರಿತ್ತು. 24 ತಿಂಗಳಿಗೆ 240 ಡಾಲರ್. ಮೊದಲು ಪ್ಲಾನ್‌ನಲ್ಲೇ ಸೇರಿದ್ದ 200 ಎಸ್ಎಂಎಸ್‌ಗೂ ಬೇರೆ ದುಡ್ಡು ಕೊಡಬೇಕಾಯಿತು. 2013ರಲ್ಲಿ ಟಿ-ಮೊಬೈಲ್ ಕರಾರನ್ನು ತೆಗೆದುಹಾಕಿ ಫೋನಿನ ಬೆಲೆ ಬೇರೆ, ಸೇವೆಯ ಬೆಲೆ ಬೇರೆ ಎಂದು ಬಿಡಿಸಿ ತೋರಿಸಿತು, ಉಳಿದ ಕಂಪನಿಗಳೂ ಕ್ರಮೇಣ ಅದೇ ದಾರಿ ಹಿಡಿದವು. ಒಳ್ಳೆಯ ಬದಲಾವಣೆ ಅದು. ಈಗಿನ 36 ತಿಂಗಳ ಬಿಲ್ ರಿಯಾಯಿತಿ ಹಳೆಯ ಕರಾರನ್ನೇ ಇನ್ನೂ ಒಂದು ವರ್ಷ ಉದ್ದ ಮಾಡಿ ಹಿಂದಕ್ಕೆ ತಂದಿದೆ ಎಂಬುದು ನನ್ನ ಅಭಿಪ್ರಾಯ.

ನಿಮಗೆ ಇನ್ನೊಂದು ಅಡ್ಡಿಯೂ ಇದೆ: ಸಿಮ್ ಲಾಕ್. ಕಂತು ಮುಗಿಯುವವರೆಗೆ ಬೇರೆ ಕಂಪನಿಯ ಸಿಮ್ ಒಪ್ಪದಂತೆ ಫೋನನ್ನು ಬಿಗಿದಿಡುವ ಪದ್ಧತಿ ಅಮೆರಿಕದಲ್ಲಿ ಈಗಲೂ ವ್ಯಾಪಕವಾಗಿದೆ. ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ ಫೋನನ್ನು ಲಾಕ್ ಇಲ್ಲದೆಯೇ ಮಾರಬೇಕು, ಹಳೆಯದನ್ನು ಶುಲ್ಕವಿಲ್ಲದೆ ಬಿಡಿಸಿಕೊಡಬೇಕು. ಬ್ರಿಟನ್ನಿನಲ್ಲಿ 2021ರ ಡಿಸೆಂಬರ್‌ನಿಂದ ಲಾಕ್ ಆದ ಫೋನ್ ಮಾರುವಂತಿಲ್ಲ. ಊರು ಬಿಡುವ ಯೋಚನೆ ಇರುವವರಿಗೆ ಲಾಕ್ ಇಲ್ಲದ ಫೋನನ್ನು ಪೂರ್ತಿ ಹಣ ಕೊಟ್ಟು ಕೊಂಡು, ಸಣ್ಣ ಪ್ಲಾನ್ ಹಾಕಿಸಿಕೊಳ್ಳುವುದೇ ಲಾಭ. 900 ಡಾಲರ್ ಹೆಚ್ಚಾಯಿತೆಂದರೆ ಹಿಂದಿನ ವರ್ಷದ ಮಾದರಿ ನೋಡಿ. ತಮ್ಮನಿಗೆ ಮೇಲಿನ ಎರಡು ಮೊತ್ತ ತೋರಿಸಿ, 550 ಮತ್ತು 540.

ಪ್ರಶ್ನೆ: ಬಳಸಿದ ಫೋನ್ ಕೊಳ್ಳುವಾಗ ಮಾರುವವರು ‘ಅನ್‌ಲಾಕ್ ಆಗಿದೆ’ ಎಂದರೆ ಸಾಕೇ?

ಉತ್ತರ: ಸಾಲದು. ಸಿಮ್ ಲಾಕ್ ಇಲ್ಲ ಎಂಬುದಷ್ಟೇ ಅದರ ಅರ್ಥ. ಹಿಂದಿನ ಮಾಲೀಕರ ಆಪಲ್ ಅಥವಾ ಗೂಗಲ್ ಖಾತೆಗೆ ಫೋನ್ ಇನ್ನೂ ಜೋಡಿಕೊಂಡಿದ್ದರೆ ರೀಸೆಟ್ ಮಾಡಿದ ಮೇಲೆ ಅವರ ಪಾಸ್‌ವರ್ಡ್ ಕೇಳುತ್ತದೆ. ಕಂತು ಬಾಕಿ ಇದ್ದರೆ ಅಥವಾ ಕಳವಿನ ದೂರು ಇದ್ದರೆ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ) ಸಂಖ್ಯೆ ಕಪ್ಪುಪಟ್ಟಿಗೆ ಸೇರಿ ನೆಟ್‌ವರ್ಕ್ ಸಿಗದೆ ಹೋಗಬಹುದು. *#06# ಒತ್ತಿದರೆ ಆ ಸಂಖ್ಯೆ ಪರದೆಯ ಮೇಲೆ ಬರುತ್ತದೆ. ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ, ಮಾರುವವರ ಎದುರಿಗೇ ಅವರ ಖಾತೆಯನ್ನು ತೆಗೆಸಿ, ಆಮೇಲೆ ಹಣ ಕೊಡಿ.

ಪ್ರಶ್ನೆ: ಒಂದೇ ಸೇವೆಯ ಚಂದಾ ವೆಬ್‌ಸೈಟಿನಲ್ಲಿ ಅಗ್ಗ, ಫೋನಿನ ಆಪ್ ಒಳಗೆ ದುಬಾರಿ. ಇದು ಮೋಸವೇ?

ಉತ್ತರ: ಮೋಸವಲ್ಲ. ಆಪ್ ಒಳಗೆ ನೀವು ಕೊಟ್ಟ ಹಣದಲ್ಲಿ ಆಪಲ್ ಅಥವಾ ಗೂಗಲ್ ನಡೆಸುವ ಆಪ್ ಸ್ಟೋರ್‌ಗೆ ಒಂದು ಪಾಲು ಹೋಗುತ್ತದೆ. ಕೆಲವು ಸಂಸ್ಥೆಗಳು ಆ ಪಾಲನ್ನು ತಾವೇ ಭರಿಸುತ್ತವೆ, ಕೆಲವು ನಿಮ್ಮ ಮೇಲೆ ಹಾಕುತ್ತವೆ. 2022ರ ಡಿಸೆಂಬರ್‌ನಲ್ಲಿ ಟ್ವಿಟರ್‌ನ ಚಂದಾ ಸೇವೆ ಟ್ವಿಟರ್ ಬ್ಲೂ ಮತ್ತೆ ಶುರುವಾದಾಗ ವೆಬ್‌ನಲ್ಲಿ ತಿಂಗಳಿಗೆ 8 ಡಾಲರ್, ಐಫೋನಿನಲ್ಲಿ 11 ಡಾಲರ್ ಇತ್ತು. ಈ 3 ಡಾಲರ್ ವ್ಯತ್ಯಾಸವನ್ನು ಬಳಕೆದಾರರಿಗೆ ತಿಳಿಸುವುದಕ್ಕೂ ಬಹಳ ಕಾಲ ಅಡ್ಡಿಯಿತ್ತು. ಹೊರಗೆ ಅಗ್ಗವಾಗಿ ಸಿಗುತ್ತದೆ ಎಂದು ಆಪ್ ಒಳಗೆ ಬರೆಯಬಾರದೆಂದು ಆಪಲ್ ನಿಯಮ ಮಾಡಿತ್ತು. ಗೇಮ್ ತಯಾರಿಸುವ ಎಪಿಕ್ ಗೇಮ್ಸ್ ಕಂಪನಿ ಆಪಲ್ ಮೇಲೆ ಹೂಡಿದ ದಾವೆಯಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶೆ ಇವಾನ್ ಗೊಂಜಾಲೆಜ್ ರಾಜರ್ಸ್ ಕೊಟ್ಟ ತೀರ್ಪು ಅಮೆರಿಕದ ಮಟ್ಟಿಗೆ ಆ ಬಾಯಿಕಟ್ಟನ್ನು ತೆಗೆಯಬೇಕೆಂದು ಆದೇಶಿಸಿತು. ಬೆಲೆ ಎಷ್ಟೇ ಇರಲಿ, ಅಗ್ಗದ ದಾರಿ ಇದೆಯೆಂದು ಹೇಳುವುದನ್ನೇ ತಡೆಯುವುದು ನನಗೆ ಎಂದೂ ಸಮರ್ಥನೀಯ ಅನಿಸಿಲ್ಲ.

ಆಪ್ ಒಳಗೆ ಚಂದಾ ಕಟ್ಟುವುದರಲ್ಲಿ ಅನುಕೂಲವೂ ಇದೆ. ಎಲ್ಲ ಚಂದಾಗಳೂ ಒಂದೇ ಪಟ್ಟಿಯಲ್ಲಿ ಕಾಣಿಸುತ್ತವೆ, ರದ್ದು ಮಾಡುವುದು ಸುಲಭ. ಆದರೆ ಐಫೋನಿನಿಂದ ಆಂಡ್ರಾಯ್ಡ್‌ಗೆ ಹೋಗುವ ಯೋಚನೆ ಇರುವವರು ವೆಬ್‌ನಲ್ಲೇ ಕಟ್ಟುವುದು ಮೇಲು. ಒಂದು ಸ್ಟೋರ್‌ನಲ್ಲಿ ಕೊಂಡ ಆಪ್ ಇನ್ನೊಂದಕ್ಕೆ ವರ್ಗವಾಗುವುದಿಲ್ಲ. ಸೇವೆಯವರ ಖಾತೆಯಲ್ಲೇ ಕಟ್ಟಿದ ಚಂದಾ ಸಾಮಾನ್ಯವಾಗಿ ಎಲ್ಲಿಗೆ ಹೋದರೂ ನಿಮ್ಮ ಜೊತೆ ಬರುತ್ತದೆ.

ಪ್ರಶ್ನೆ: ನಾನೂ ನನ್ನ ಗೆಳತಿಯೂ ಸೇರಿ ಮಕ್ಕಳಿಗೆ ಗಣಿತ ಅಭ್ಯಾಸ ಮಾಡಿಸುವ ಒಂದು ಆಪ್ ಬರೆದಿದ್ದೇವೆ. ತಿಂಗಳ ಚಂದಾ ಇಡಬೇಕೆಂದಿದ್ದೇವೆ. ಸ್ಟೋರ್‌ಗಳು 30% ಕಿತ್ತುಕೊಳ್ಳುತ್ತವೆ, ಹೊರಗಿನ ಪಾವತಿ ವ್ಯವಸ್ಥೆ ಹಾಕಿಕೊಳ್ಳಿ ಎಂದು ಹಲವರು ಹೇಳುತ್ತಾರೆ. ಏನು ಮಾಡುವುದು?

ಉತ್ತರ: ಮೊದಲು ಆ 30% ಎಂಬ ಭಯವನ್ನು ಬದಿಗಿಡಿ. ನಿಮ್ಮಷ್ಟು ಸಣ್ಣ ತಂಡ ಆ ದರ ಕೊಡಬೇಕಾಗಿಲ್ಲ.

ಆ ದರ ಎಲ್ಲಿಂದ ಬಂತೆಂದು ತಿಳಿದರೆ ಒಳ್ಳೆಯದು. ಸ್ಟೋರ್‌ಗಳಿಗೆ ಮೊದಲು ಫೋನಿನೊಳಗೆ ಏನು ಮಾರಬೇಕೆಂಬುದು ಹೆಚ್ಚಾಗಿ ಟೆಲಿಕಾಂ ಕಂಪನಿಗಳ ಕೈಯಲ್ಲಿತ್ತು. ಸಣ್ಣ ಡೆವಲಪರ್‌ಗೆ ಅವರ ಬಾಗಿಲು ತೆರೆಯುವುದೇ ಕಷ್ಟವಾಗಿತ್ತು. 2008ರ ಜುಲೈನಲ್ಲಿ ಆಪಲ್ 500 ಆಪ್‌ಗಳೊಂದಿಗೆ ಸ್ಟೋರ್ ತೆರೆದು, 70% ನಿಮಗೆ ಎಂದಾಗ ಅದು ಔದಾರ್ಯವಾಗಿ ಕಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಆಂಡ್ರಾಯ್ಡ್ ಮಾರ್ಕೆಟ್ (ಗೂಗಲ್ ಸ್ಟೋರ್‌ನ ಆಗಿನ ಹೆಸರು) ಕೂಡ 70% ಎಂದೇ ಘೋಷಿಸಿತು. ಆದರೆ ಉಳಿದ ಪಾಲು ಟೆಲಿಕಾಂ ಕಂಪನಿಗಳಿಗೆ ಮತ್ತು ಪಾವತಿ ವೆಚ್ಚಕ್ಕೆ, ತನಗೆ ಏನೂ ಬೇಡ ಎಂದು ಗೂಗಲ್ ಆಗ ಹೇಳಿತ್ತು. ಅಂದರೆ ಈ 30% ಮೊದಲು ಟೆಲಿಕಾಂ ಕಂಪನಿಗಳನ್ನು ಜೊತೆಗಿಟ್ಟುಕೊಳ್ಳಲು ಕೊಟ್ಟ ಪಾಲೂ ಹೌದು. ಅವು ಬದಿಗೆ ಸರಿದ ಮೇಲೂ ದರ ಹಾಗೆಯೇ ಉಳಿಯಿತು.

2021ರಲ್ಲಿ ಎರಡೂ ಕಂಪನಿಗಳು ಸಣ್ಣವರಿಗೆ 15% ದರ ತಂದವು. ನೋಡಲು ಒಂದೇ ಥರ ಇದ್ದರೂ ಒಳಗೆ ವ್ಯತ್ಯಾಸವಿದೆ. ಹಿಂದಿನ ವರ್ಷ ಕಮಿಷನ್ ಕಳೆದು 10 ಲಕ್ಷ ಡಾಲರ್‌ವರೆಗೆ ಬಂದವರಿಗೆ ಆಪಲ್‌ನ ಕಡಿಮೆ ದರ ಅನ್ವಯ. ವರ್ಷದ ನಡುವೆ ಆ ಗಡಿ ದಾಟಿದರೆ ಆ ವರ್ಷದ ಉಳಿದ ಮಾರಾಟಕ್ಕೆ ಸಾಮಾನ್ಯ ದರ ಬೀಳುತ್ತದೆ, ಗಡಿಯ ಕೆಳಗೇ ಇನ್ನೊಂದು ವರ್ಷ ಕಳೆದ ಮೇಲಷ್ಟೇ ಮತ್ತೆ ಅರ್ಹತೆ. ಗೂಗಲ್ ಜಾರಿಗೆ ತಂದದ್ದು ಸ್ಲ್ಯಾಬ್ ಪದ್ಧತಿ: ಪ್ರತಿ ವರ್ಷವೂ ಮೊದಲ 10 ಲಕ್ಷ ಡಾಲರ್‌ಗೆ 15%, ಅದರ ಮೇಲಿನದಕ್ಕಷ್ಟೇ ಹೆಚ್ಚು. ನಿಮ್ಮದರಂಥ ಚಂದಾ ಆಪ್‌ಗಳಿಗೆ ಗೂಗಲ್ 2022ರ ಜನವರಿಯಿಂದ ಮೊದಲ ದಿನದಿಂದಲೇ 15% ದರ ತಂದಿತು. ಆಪಲ್‌ನ ರಿಯಾಯಿತಿ ತಾನಾಗಿ ಬರುವುದಿಲ್ಲ, ಅರ್ಜಿ ಹಾಕಿ ಸೇರಬೇಕು. ಆಪ್ ಬಿಡುಗಡೆಗೆ ಮೊದಲೇ ಈ ಕೆಲಸ ಮುಗಿಸಿ. ಖಾತೆಯ ಶುಲ್ಕ ಬೇರೆ: ಆಪಲ್‌ಗೆ ವರ್ಷಕ್ಕೆ 99 ಡಾಲರ್, ಗೂಗಲ್‌ಗೆ ಒಂದೇ ಸಲ 25 ಡಾಲರ್.

ಈಗ ಹೊರಗಿನ ಪಾವತಿ. ದಕ್ಷಿಣ ಕೊರಿಯಾ 2021ರ ಆಗಸ್ಟ್ 31ರಂದು ಇದಕ್ಕೆ ಅವಕಾಶ ಕೊಡುವ ತಿದ್ದುಪಡಿ ಅಂಗೀಕರಿಸಿದಾಗ ಡೆವಲಪರ್‌ಗಳು ಗೆದ್ದೆವು ಎಂದುಕೊಂಡರು. ಗೂಗಲ್ ಅಲ್ಲಿ ಕಮಿಷನ್ ಇಳಿಸಿದ್ದು 4 ಶೇಕಡಾ ಅಂಶ ಮಾತ್ರ. ಆಪಲ್ 26% ಕೇಳಿತು. ಅಮೆರಿಕದಲ್ಲೂ ಮೇಲೆ ಹೇಳಿದ ಎಪಿಕ್ ತೀರ್ಪಿನ ನಂತರ ಹೊರಗಿನ ಕೊಂಡಿಯಿಂದಾದ ಮಾರಾಟಕ್ಕೆ ಆಪಲ್ 27% ಹಾಕಿತು. ಇದು ತನ್ನ ಆದೇಶದ ಉಲ್ಲಂಘನೆ ಎಂದು ಅದೇ ನ್ಯಾಯಾಲಯ 2025ರ ಏಪ್ರಿಲ್ 30ರಂದು ಹೇಳಿತು. ಹೀಗೆ ಸ್ಟೋರ್‌ಗೂ ಒಂದು ಪಾಲು ಕೊಟ್ಟು, ಅದರ ಮೇಲೆ ಕಾರ್ಡ್ ಪಾವತಿಯ ಶುಲ್ಕ, ತೆರಿಗೆ ಲೆಕ್ಕ, ಹಣ ವಾಪಸಿನ ತಕರಾರು ಎಲ್ಲವನ್ನೂ ನೀವೇ ಹೊತ್ತರೆ ಉಳಿಯುವುದೇನು? ಇಬ್ಬರೇ ಇರುವ ತಂಡಕ್ಕೆ 15% ಕೊಟ್ಟು ಈ ತಲೆನೋವನ್ನು ಸ್ಟೋರ್‌ಗೆ ಬಿಡುವುದು ಸದ್ಯಕ್ಕೆ ಒಳ್ಳೆಯ ವ್ಯವಹಾರ. ದರಗಳು ದೇಶದಿಂದ ದೇಶಕ್ಕೆ ಬದಲಾಗುತ್ತಲೇ ಇವೆ. ಆದ್ದರಿಂದ ಯಾರೋ ಹೇಳಿದ ಶೇಕಡಾವಾರು ನಂಬದೆ ನಿಮ್ಮ ಖಾತೆಯ ಒಪ್ಪಂದದಲ್ಲಿ ಆ ದಿನ ಏನಿದೆಯೋ ಅದನ್ನೇ ನೋಡಿ.

ಕಮಿಷನ್‌ಗಿಂತ ನನಗೆ ಹೆಚ್ಚು ಚಿಂತೆಯ ವಿಷಯ ಬೇರೊಂದಿದೆ. ಸ್ಟೋರ್ ಮೂಲಕ ಬಂದ ಚಂದಾದಾರರು ಸ್ಟೋರ್‌ನ ಗ್ರಾಹಕರು. ಅವರ ಹೆಸರು, ಇಮೇಲ್ ನಿಮಗೆ ಸಿಗುವುದಿಲ್ಲ. ಅವರ ಚಂದಾವನ್ನು ಇನ್ನೊಂದು ಕಡೆಗೆ ಸಾಗಿಸುವಂತಿಲ್ಲ. ನಾಳೆ ಯಾವುದೋ ನಿಯಮಕ್ಕೆ ಆಪ್ ತೆಗೆದುಹಾಕಿದರೆ ಅವರಿಗೆ ಒಂದು ಮಾತು ತಿಳಿಸಲು ದಾರಿ ಇರುವುದಿಲ್ಲ. ಫೋನ್ ಕೊಳ್ಳುವವರು ಕಂತಿನಲ್ಲಿ ಸಿಕ್ಕಿಕೊಳ್ಳುವಂತೆ ಡೆವಲಪರ್ ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ಅದಕ್ಕೆ ಮೊದಲ ದಿನವೇ ಪೋಷಕರಿಗೆ ನಿಮ್ಮದೇ ಲಾಗಿನ್ ಕೊಡಿ, ಮಗುವಿನ ಅಭ್ಯಾಸದ ದಾಖಲೆಯನ್ನು ಆ ಖಾತೆಗೆ ಕಟ್ಟಿ, ವೆಬ್‌ನಲ್ಲೂ ಚಂದಾ ಮಾರಿ. ಬೇರೆಡೆ ಕೊಂಡದ್ದನ್ನು ಆಪ್ ಒಳಗೆ ಬಳಸಲು ಆಪಲ್ ಅವಕಾಶ ಕೊಡುತ್ತದೆ, ಅದೇ ಚಂದಾ ಆಪ್ ಒಳಗೂ ಮಾರಾಟಕ್ಕಿರಬೇಕು ಎಂಬುದೊಂದೇ ಮುಖ್ಯ ಷರತ್ತು. ಆಪ್ ಒಳಗೆ ಖಾತೆ ತೆರೆಯಲು ಬಿಟ್ಟರೆ ಅಲ್ಲೇ ಅಳಿಸಲೂ ಬಿಡಬೇಕೆಂಬ ನಿಯಮ 2022ರ ಜೂನ್ 30ರಿಂದಿದೆ, ಅದನ್ನು ಮರೆತರೆ ಪರಿಶೀಲನೆಯಲ್ಲಿ ಆಪ್ ವಾಪಸ್ ಬರಬಹುದು. ಮಕ್ಕಳ ಆಪ್ ಆದ್ದರಿಂದ ಜಾಹೀರಾತು, ಮಾಹಿತಿ ಸಂಗ್ರಹದ ನಿಯಮಗಳು ಇನ್ನೂ ಬಿಗಿ. ಲಾಗಿನ್ ಪೋಷಕರ ಹೆಸರಲ್ಲಿರಲಿ, ಮಗುವಿನ ಹೆಸರಲ್ಲಿ ಬೇಡ.

ಪ್ರಶ್ನೆ: ವಿದ್ಯಾರ್ಥಿ ನಾನು. ಗೆಳೆಯರಿಗಾಗಿ ಬರೆದ ಆಂಡ್ರಾಯ್ಡ್ ಆಪ್ ಅನ್ನು ಎಪಿಕೆ ಕಡತವಾಗಿ (ಸ್ಟೋರ್ ಇಲ್ಲದೆ ನೇರವಾಗಿ ಅಳವಡಿಸುವ ಕಡತ) ಹಂಚುತ್ತಿದ್ದೇನೆ. ಇನ್ನು ಮುಂದೆ ಇದಕ್ಕೆ ಅವಕಾಶ ಇರುವುದಿಲ್ಲವಂತೆ, ನಿಜವೇ?

ಉತ್ತರ: ಪೂರ್ತಿ ನಿಜವಲ್ಲ. ಗುರುತು ದೃಢಪಡಿಸಿದ ಡೆವಲಪರ್‌ಗಳ ಆಪ್ ಮಾತ್ರ ಪ್ರಮಾಣೀಕೃತ ಆಂಡ್ರಾಯ್ಡ್ ಫೋನ್‌ಗಳಲ್ಲಿ ಅಳವಡಿಸಲು ಬಿಡುತ್ತೇವೆ ಎಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಘೋಷಿಸಿತು. 2026ರ ಸೆಪ್ಟೆಂಬರ್‌ನಿಂದ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ, ಥಾಯ್ಲೆಂಡ್‌ನಲ್ಲಿ ಆರಂಭ, ಆಮೇಲೆ ಉಳಿದ ಕಡೆ ಎಂಬ ಯೋಜನೆ ಅದು. ವಿರೋಧ ಬಂದ ಮೇಲೆ 2025ರ ನವೆಂಬರ್‌ನಲ್ಲಿ ವಿದ್ಯಾರ್ಥಿಗಳಿಗೆ, ಹವ್ಯಾಸಿಗಳಿಗೆ ಸೀಮಿತ ಫೋನ್‌ಗಳಿಗೆ ಹಂಚುವ ಬೇರೆ ಬಗೆಯ ಖಾತೆ ಕೊಡುವುದಾಗಿಯೂ, ಅಪಾಯ ಅರಿತ ಬಳಕೆದಾರರಿಗೆ ಎಚ್ಚರಿಕೆಗಳ ನಡುವೆ ಒಂದು ದಾರಿ ಉಳಿಸುವುದಾಗಿಯೂ ಹೇಳಿತು. ವಂಚಕರ ಆಪ್‌ಗಳು ಹೆಚ್ಚುತ್ತಿರುವುದು ನಿಜ, ಆದರೆ ಸ್ವಂತ ದುಡ್ಡಿನಲ್ಲಿ ಕೊಂಡ ಫೋನಿಗೆ ಏನು ಹಾಕಬೇಕೆಂದು ತೀರ್ಮಾನಿಸುವ ಹಕ್ಕು ಮಾಲೀಕರದ್ದು. ಆ ದಾರಿ ಹೆಸರಿಗಷ್ಟೇ ಉಳಿಯಬಾರದು.

ಪ್ಲೇ ಸ್ಟೋರ್‌ಗೇ ಹೋಗುವುದಾದರೆ, 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ 12 ಮಂದಿ ಪರೀಕ್ಷಕರು ಸತತ 14 ದಿನ ಜೊತೆಗಿರಬೇಕೆಂಬ ನಿಯಮವಿದೆ. ಮೊದಲು 20 ಮಂದಿ ಬೇಕಿತ್ತು. ಆಪ್ ಈಗಾಗಲೇ ಬಳಸುತ್ತಿರುವ ಗೆಳೆಯರನ್ನೇ ಪರೀಕ್ಷಕರಾಗಿ ಸೇರಿಸಿ. ನಡುವೆ ಒಬ್ಬಿಬ್ಬರು ಬಿಟ್ಟುಹೋದರೂ ಸಂಖ್ಯೆ ಕುಸಿಯದಂತೆ ನಾಲ್ಕೈದು ಮಂದಿ ಹೆಚ್ಚಿಗೆ ಇರಲಿ.