ಬೀದಿ ಚಂದವಾಯಿತು, ಇನ್ನು ನಾವೆಲ್ಲಿಗೆ?

ಕಾಸರಗೋಡು ಪೇಟೆಯ ಹಳೆಯ ಬೀದಿಯೊಂದರಿಂದ ನಿವೃತ್ತ ಅಧ್ಯಾಪಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ತಮ್ಮ ಹೆಸರೂ ಬೀದಿಯ ಹೆಸರೂ ಬೇಡವೆಂದಿದ್ದಾರೆ. ಪತ್ರದ ಸಾರ ಇಷ್ಟು:

"ಚರಂಡಿಗೆ ಮುಚ್ಚಳ ಬಂತು, ಇಂಟರ್‌ಲಾಕ್ ಹಾಸಿದರು, ದೀಪ ಹಾಕಿದರು. ಇದಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದವನು ನಾನೇ. ಈಗ ವಾರಕ್ಕೊಬ್ಬ ದಲ್ಲಾಳಿ ಬಾಗಿಲು ತಟ್ಟುತ್ತಾನೆ. ಎರಡು ಹಂಚಿನ ಮನೆಗಳು ಮಾರಾಟವಾದವು. ಒಂದು ಕಾಫಿ ಅಂಗಡಿಯಾಗಿದೆ, ಇನ್ನೊಂದು ಹೋಂಸ್ಟೇ ಆಗಲಿದೆ. ಮೂಲೆಯ ಟೈಲರಿಗೆ ಅಂಗಡಿ ಬಿಡಲು ಹೇಳಿದ್ದಾರೆ. ಇಡೀ ಬೀದಿಯನ್ನು ಪಾರಂಪರಿಕ ಬೀದಿ ಮಾಡುವ ಯೋಜನೆ ಬರಲಿದೆಯಂತೆ. ನಾವು ಕನ್ನಡದ ಮನೆಗಳವರು ಸೇರಿ ಸಮಿತಿ ಮಾಡಿದ್ದೇವೆ. ವಿರೋಧಿಸಿದರೆ ಅಭಿವೃದ್ಧಿಯ ವೈರಿಗಳು ಎನ್ನುತ್ತಾರೆ, ಸುಮ್ಮನಿದ್ದರೆ ಹೊರಗಿನವರು ಬಂದು ತುಂಬುತ್ತಾರೆ. ಬೀದಿ ಚಂದವಾಯಿತು, ಇನ್ನು ನಾವೆಲ್ಲಿಗೆ? ಇದನ್ನು ಇಂಗ್ಲಿಷಿನಲ್ಲಿ ಜೆಂಟ್ರಿಫಿಕೇಶನ್ ಎನ್ನುತ್ತಾರೆ ಎಂದು ಮಗ ಹೇಳಿದ. ಕನ್ನಡದಲ್ಲಿ ಏನೆನ್ನಬೇಕು?"

ಸಂಪಾದಕರ ಉತ್ತರ

ಮಾಸ್ತರರೇ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಅದು ನನ್ನ ಕಸುಬಿಗೆ ಹತ್ತಿರದ್ದು. ಆ ಪದವನ್ನು 1964ರಲ್ಲಿ ಟಂಕಿಸಿದವರು ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ. ಲಂಡನ್ನಿನ ದುಡಿಯುವವರ ಬೀದಿಗಳಲ್ಲಿ ಉಳ್ಳವರು ಹಳೆಯ ಮನೆಗಳನ್ನು ಒಂದೊಂದಾಗಿ ಕೊಂಡು ಸಿಂಗರಿಸುತ್ತ ಹೋದದ್ದನ್ನೂ, ನೋಡನೋಡುತ್ತಿದ್ದಂತೆ ಮೊದಲಿದ್ದವರು ಅಲ್ಲಿ ಇಲ್ಲವಾದದ್ದನ್ನೂ ಕಂಡು ಬರೆದರು. ಜೆಂಟ್ರಿ ಎಂದರೆ ಅಲ್ಲಿಯ ಜಮೀನುದಾರ ಮನೆತನಗಳು. ಪದದೊಳಗೇ ಒಂದು ಕೊಂಕು ಇದೆ. ಅದನ್ನು 'ಕುಲೀನೀಕರಣ' ಎಂದು ಕನ್ನಡಿಸಿದರೆ ಕೊಂಕು ಹಾರಿಹೋಗಿ, ಬೀದಿಗೆ ಏನೋ ಸನ್ಮಾನ ನಡೆಯುತ್ತಿರುವಂತೆ ಕೇಳಿಸುತ್ತದೆ. ಗೃಹಪ್ರವೇಶಕ್ಕೆ 'ಮನೆ ಒಕ್ಕಲು' ಎನ್ನುವ ಸೀಮೆಯವರು ನಾವು. ತುಳುವಿನಲ್ಲಿಯೂ ಅದು ಒಕ್ಕಲೇ. ಅದರ ಎದುರು ಮಾತೂ ನಮ್ಮಲ್ಲಿದೆ: ಒಕ್ಕಲೆಬ್ಬಿಸುವುದು. ಪೊಲೀಸರಿಲ್ಲದೆ, ಜೆಸಿಬಿ ಇಲ್ಲದೆ, ಕಾಫಿಯ ಪರಿಮಳದ ನಡುವೆ ಒಕ್ಕಲೆಬ್ಬಿಸುವುದಕ್ಕೆ ಇಂಗ್ಲಿಷಿನವರು ಬೇರೆ ಹೆಸರಿಟ್ಟರು. ನಮಗೆ ಹಳೆಯದೇ ಸಾಕು.

ಇನ್ನು ವಿಷಯ. ಕಳೆದ ಭಾನುವಾರ ನಿಮಗೆ ಹೇಳದೆಯೇ ನಿಮ್ಮ ಬೀದಿಗೆ ಬಂದಿದ್ದೆ. ಕ್ಷಮಿಸಿ, ಹೇಳಿದ್ದರೆ ನೀವು ಊಟಕ್ಕೆ ಕೂರಿಸುತ್ತಿದ್ದಿರಿ, ನೋಡುವುದು ಬಾಕಿಯಾಗುತ್ತಿತ್ತು. ಮೂಲೆಯ ಟೈಲರ್ ಅಂಗಡಿಗೆ ಈಗಲೂ ಹಲಗೆ ಬಾಗಿಲು. ಒಂಬತ್ತು ಹಲಗೆಗಳು, ಒಂದೊಂದರ ಮೇಲೂ ಕಪ್ಪು ಬಣ್ಣದಲ್ಲಿ ಕನ್ನಡದ ಅಂಕೆ. ಆರನೆಯ ಹಲಗೆ ಮಾತ್ರ ಆಮೇಲೆ ಬದಲಾಯಿಸಿದ್ದು. ಅದರ ಮೇಲೆ ೬ ಎಂದಿಲ್ಲ, 6 ಎಂದಿದೆ. ರಜೆಯಾದರೂ ಎರಡು ಹಲಗೆ ಸರಿಸಿಕೊಂಡು ಒಳಗೆ ಯೂನಿಫಾರಂ ಹೊಲಿಯುತ್ತಿದ್ದರು. ಮಾತಿಗೆ ನೆಪ ಬೇಕಿತ್ತು, ಒಂದು ಅಂಗಿಗೆ ಅಳತೆ ಕೊಟ್ಟೆ. ಅವರ ಮನೆಮಾತು ಮಲಯಾಳಂ. ಆದರೆ ಅಳತೆ ಪುಸ್ತಕ ತೆರೆದು ಬರೆದುಕೊಂಡದ್ದು 'ಎದೆ, ಸೊಂಟ, ತೋಳು, ಕತ್ತು' ಎಂದು. ಕಲಿತದ್ದು ಕನ್ನಡ ಶಾಲೆಯಲ್ಲಂತೆ. ಬೀದಿಯ ಸಮಿತಿಯ ಬಗ್ಗೆ ಕೇಳಿದರೆ, "ಅದು ಮನೆ ಯಜಮಾನರದ್ದಲ್ಲವೇ" ಎಂದು ಸೂಜಿಗೆ ನೂಲು ಪೋಣಿಸಿದರು.

ಮಾಸ್ತರರೇ, ನಿಮ್ಮ ಪತ್ರದಲ್ಲಿ ನನಗೆ ತೊಡಕೆನಿಸಿದ್ದು ಇಲ್ಲಿಯೇ. ಟೈಲರಿನ ವಿಷಯಕ್ಕೆ ನೀವು ಕಣ್ಣೀರು ಹಾಕಿದ್ದೀರಿ, ಸಮಿತಿಗೆ ಮಾತ್ರ ಕರೆದಿಲ್ಲ. ಬಾಡಿಗೆಯವರು ಎಂಬ ಕಾರಣಕ್ಕೋ, ಕನ್ನಡದ ಮನೆಯವರಲ್ಲ ಎಂಬ ಕಾರಣಕ್ಕೋ ನನಗೆ ತಿಳಿಯದು. 'ಹೊರಗಿನವರು' ಎಂದು ಬರೆದಿದ್ದೀರಿ. ಆ ಎರಡು ಹಂಚಿನ ಮನೆಗಳನ್ನು ಮಾರಿದವರು ಯಾರು? ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುವ ನಮ್ಮವರೇ. ಅವರನ್ನು ದೂರುವುದಿಲ್ಲ, ಮಳೆಗಾಲಕ್ಕೆ ಹಂಚು ಕೈಯಾಡಿಸಲು ಜನ ಸಿಗದ ಕಷ್ಟ ನನಗೂ ಗೊತ್ತು. ಆದರೆ ಕೊಳ್ಳುವವನು ಬಂದದ್ದು ಮಾರುವವನು ಇದ್ದುದರಿಂದ. ನೆರೆಕರೆಯ ಕೂಟವೊಂದು ಮೊದಲು ಮಾತನಾಡಬೇಕಾದದ್ದು ಈ ಮಾರುವವರೊಂದಿಗೆ.

ಅಮೆರಿಕದ ಬಾಸ್ಟನ್ ನಗರದಲ್ಲಿ ರಾಕ್ಸ್‌ಬರಿ ಎಂಬ ಬಡ ಪ್ರದೇಶವಿದೆ. ಅಲ್ಲಿಯ ಡಡ್ಲಿ ಬೀದಿಯ ಸುತ್ತಮುತ್ತ 1980ರ ದಶಕದಲ್ಲಿ ಸುಮಾರು 1,300 ನಿವೇಶನಗಳು ಹಾಳು ಬಿದ್ದಿದ್ದವು. ಮನೆಗಳಿಗೆ ಬೆಂಕಿ ಬಿದ್ದು ಬಯಲಾದ ಜಾಗಗಳು. ಊರಿನ ಕಸವೆಲ್ಲ ಅಲ್ಲಿಗೆ. 1984ರ ಹೊತ್ತಿಗೆ ಒಂದು ದತ್ತಿ ಸಂಸ್ಥೆಯೂ ಕೆಲವು ಸೇವಾ ಸಂಘಟನೆಗಳೂ ಸೇರಿ ಉದ್ಧಾರದ ಯೋಜನೆ ಹೊತ್ತು ಬಂದವು. ಉದ್ದೇಶ ಒಳ್ಳೆಯದೇ. ಆದರೆ ಸಾರ್ವಜನಿಕ ಸಭೆಯಲ್ಲಿ ಜನ ಎದ್ದು ನಿಂತು, ವೇದಿಕೆಯಲ್ಲಿರುವ ನಿಮ್ಮಲ್ಲಿ ಈ ಬೀದಿಯವರು ಎಷ್ಟು ಮಂದಿ ಎಂದು ಕೇಳಿದರು. ಆಡಳಿತ ಮಂಡಳಿಯಲ್ಲಿ ನಿವಾಸಿಗಳಿಗೆ ಇಟ್ಟದ್ದು ಬೆರಳೆಣಿಕೆಯ ಸ್ಥಾನ. ಬಂದವರು ಮುನಿಸಿಕೊಳ್ಳದೆ ನಿಯಮವನ್ನೇ ತಿದ್ದಿದರು, ಮಂಡಳಿಯ ಹಿಡಿತ ನಿವಾಸಿಗಳ ಕೈಗೆ ಬಂತು. ಆಮೇಲಿನದು ನಿಮಗೆ ಬೇಕಾದ ಭಾಗ. ಅಲ್ಲಿ ಇದ್ದವರು ಕರಿಯರು, ಸ್ಪ್ಯಾನಿಷ್ ಮಾತಿನವರು, ಕೇಪ್ ವರ್ಡ್ ದ್ವೀಪಗಳಿಂದ ಬಂದವರು, ಬಿಳಿಯರು. ಸಂಖ್ಯೆಯಲ್ಲಿ ಅಜಗಜಾಂತರ. ಆದರೂ ನಾಲ್ಕೂ ಗುಂಪುಗಳಿಗೆ ಸಮಾನ ಸ್ಥಾನ ಕೊಟ್ಟರು. ಸಪ್ತಭಾಷೆಗಳ ನಾಡು ಎಂದು ವೇದಿಕೆ ಸಿಕ್ಕಲ್ಲೆಲ್ಲ ಹೇಳಿಕೊಳ್ಳುವ ಕಾಸರಗೋಡಿನಲ್ಲಿ ಇಂಥ ಬೀದಿ ಸಮಿತಿಯನ್ನು ನಾನಿನ್ನೂ ಕಂಡಿಲ್ಲ.

ಅವರು ಮೊದಲು ಹಿಡಿದದ್ದು ದೊಡ್ಡ ಘೋಷಣೆಯನ್ನಲ್ಲ, ಕಸವನ್ನು. ನಮ್ಮ ಮೇಲೆ ಸುರಿಯಬೇಡಿ ಎಂದು 1986ರಲ್ಲಿ ಚಳವಳಿ ಮಾಡಿ ಗೆದ್ದರು. ಗೆದ್ದ ಜನಕ್ಕೆ ಸಭೆಗೆ ಬರುವ ಹುರುಪು ಬಂತು. ನಗರಪಾಲಿಕೆಯ ಯೋಜನೆಗೆ ಕಾಯದೆ ತಮ್ಮದೇ ಯೋಜನೆಯನ್ನು ಬರೆಸಿದರು. 1988ರಲ್ಲಿ ಖಾಲಿ ಜಾಗಗಳನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಕಾರವೇ ಆ ನೆರೆಕರೆಯ ಸಂಘಟನೆಗೆ ದೊರೆಯಿತು. ಸರಕಾರದ ಕೈಯಲ್ಲಿರುವ ಆ ಕತ್ತಿಯನ್ನು ಒಂದು ಬೀದಿಯವರು ಹಿಡಿಯುವುದೆಂದರೆ ಸಣ್ಣ ಮಾತಲ್ಲ. ಜಾಗವನ್ನು ಒಂದು ಸಮುದಾಯ ಟ್ರಸ್ಟಿನ ಹೆಸರಿನಲ್ಲಿಟ್ಟರು. ಮನೆ ನಿಮ್ಮದು, ನೆಲ ಎಲ್ಲರದು. ನೆಲ 99 ವರ್ಷದ ಗುತ್ತಿಗೆಯಲ್ಲಿ. ಮನೆ ಮಾರಬಹುದು, ಆದರೆ ಬೆಲೆಗೆ ಮಿತಿ. ಹಾಗಾಗಿ ಬೀದಿ ಚಂದವಾದಾಗ ಅದರ ಲಾಭ ದಲ್ಲಾಳಿಯ ಜೇಬಿಗೆ ಹೋಗಲಿಲ್ಲ.

ಇದು ವಿದೇಶದ ಬುದ್ಧಿ ಎಂದುಕೊಳ್ಳಬೇಡಿ. ಇಂಥ ಟ್ರಸ್ಟುಗಳಲ್ಲಿ ಮೊದಲನೆಯದನ್ನು 1969ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಕರಿಯ ರೈತರಿಗಾಗಿ ಕಟ್ಟಿದವರಿಗೆ ಪ್ರೇರಣೆಯಾದದ್ದರಲ್ಲಿ ಊರಿನ ನೆಲವನ್ನು ಊರಿಗೇ ಒಪ್ಪಿಸುವ ವಿನೋಬಾ ಭಾವೆಯವರ ಗ್ರಾಮದಾನವೂ ಒಂದು. ನಾವು ಪಾಠಪುಸ್ತಕದಲ್ಲಿ ಓದಿ ಮರೆತದ್ದನ್ನು ಅವರು ಕಟ್ಟಿ ನೋಡಿದರು.

ಹಾಗೆಂದು ಬಾಸ್ಟನ್ನನ್ನು ಎತ್ತಿ ತಂದು ಕಾಸರಗೋಡಿನಲ್ಲಿ ನೆಡಲಾಗದು. ಅಲ್ಲಿ ಖಾಲಿ ನೆಲವಿತ್ತು, ಇಲ್ಲಿ ಅಂಗೈಯಗಲದ ಹಿಡುವಳಿಗಳು. ನಿಮ್ಮ ಬೀದಿಯ ಹಿಂದಿನ ಓಣಿಯ ಮನೆಗಳು ಐದು ಸೆಂಟಿನವು ಎಂದು ಬರೆದಿದ್ದೀರಿ. ಆ ಐದು ಸೆಂಟು ಆಕಾಶದಿಂದ ಬಿದ್ದದ್ದಲ್ಲ. 1970ರ ಜನವರಿ 1ರಂದು ಜಾರಿಗೆ ಬಂದ ಕೇರಳದ ಭೂಸುಧಾರಣಾ ತಿದ್ದುಪಡಿ, ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕುಡಿಕಿಡಪ್ಪುಕಾರರಿಗೆ ಪಂಚಾಯತಿನಲ್ಲಾದರೆ 10, ಸಣ್ಣ ನಗರಸಭೆಯಲ್ಲಾದರೆ 5, ದೊಡ್ಡ ಪಟ್ಟಣದಲ್ಲಾದರೆ 3 ಸೆಂಟ್ ಕೊಂಡುಕೊಳ್ಳುವ ಹಕ್ಕು ನೀಡಿತು. ಅಂದು ಧಣಿಯಿಂದ ಬಿಡಿಸಿಕೊಂಡ ನೆಲವನ್ನು ಇಂದು ದಲ್ಲಾಳಿ ಐದೈದು ಸೆಂಟಾಗಿ ಹೆಕ್ಕಿ ಮತ್ತೆ ಒಂದೇ ಪಟ್ಟಿಗೆ ಸೇರಿಸುತ್ತಾನೆ. ಅವನ ಬಲ ಇರುವುದು ಒಬ್ಬರಿಗೆ ಕೊಟ್ಟ ಬೆಲೆ ಇನ್ನೊಬ್ಬರಿಗೆ ಗೊತ್ತಾಗದಿರುವುದರಲ್ಲಿ. ಆದ್ದರಿಂದ ನಿಮ್ಮ ಕೂಟದ ಮೊದಲ ನಿರ್ಣಯ ಇಷ್ಟೇ ಇರಲಿ: ದಲ್ಲಾಳಿ ಯಾರ ಮನೆಗೆ ಬಂದರೂ ಹೇಳಿದ ಬೆಲೆಯನ್ನು ಎಲ್ಲರಿಗೂ ತಿಳಿಸುವುದು, ಮಾರಲೇಬೇಕಾದವರು ಮೊದಲು ನೆರೆಕರೆಯವರನ್ನು ಕೇಳುವುದು. ಕಾನೂನಿನ ಬಲವಿಲ್ಲದ ಮಾತು ಇದು, ನಿಜ. ಮುಖ ನೋಡಿ ಬದುಕುವ ಬೀದಿಯಲ್ಲಿ ಅದಕ್ಕೂ ಒಂದು ತೂಕವಿದೆ. ಕೊಳ್ಳಲು ಸಾಲ ಬೇಕಾದರೆ ಹತ್ತಿರದ ಸಹಕಾರಿ ಬ್ಯಾಂಕಿನ ನಿರ್ದೇಶಕರನ್ನು ಸಭೆಗೆ ಕರೆಯಿರಿ, ಮದುವೆಗೆ ಮಾತ್ರ ಕರೆದರೆ ಸಾಲದು.

ಟೈಲರಿನ ವಿಷಯಕ್ಕೆ ಬರುತ್ತೇನೆ. 1965ರ ಕೇರಳ ಕಟ್ಟಡ ಗುತ್ತಿಗೆ ಮತ್ತು ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಮಾಲೀಕ ತನ್ನ ಉಪಯೋಗಕ್ಕೆಂದು ಬಿಡಿಸಲು ಹೊರಟರೂ, ಬಾಡಿಗೆದಾರನ ಜೀವನೋಪಾಯ ಮುಖ್ಯವಾಗಿ ಆ ಅಂಗಡಿಯ ವ್ಯಾಪಾರದಿಂದಲೇ ನಡೆಯುತ್ತಿದ್ದು, ಅದೇ ಪ್ರದೇಶದಲ್ಲಿ ತಕ್ಕ ಬೇರೆ ಕಟ್ಟಡ ಸಿಗದಿದ್ದರೆ ಅವನಿಗೆ ರಕ್ಷಣೆಯಿದೆ. ಕೆಡವಿ ಕಟ್ಟುವುದಾದರೆ, ಹೊಸ ಕಟ್ಟಡದಲ್ಲಿ ಜಾಗ ಪಡೆಯುವ ಮೊದಲ ಅವಕಾಶ ಹಳೆಯ ಬಾಡಿಗೆದಾರನಿಗೆ, ಆದರೆ ನ್ಯಾಯವಾದ ಹೊಸ ಬಾಡಿಗೆ ತೆತ್ತು. ಈ 'ಆದರೆ' ಎಂಬುದರ ರುಚಿ ನನಗೆ ಗೊತ್ತು. ನಮ್ಮ ಪತ್ರಿಕೆಯ ಕಚೇರಿ ಮೊದಲು ಪೇಟೆಯ ನಡುವೆ ಒಂದು ಮಾಳಿಗೆಯಲ್ಲಿತ್ತು. ಕಟ್ಟಡ ಕೆಡವಿ ಕಟ್ಟಿದರು, ನಮ್ಮನ್ನು ಕರೆದರು ಕೂಡ. ಗಾಜಿನ ಬಾಗಿಲಿನ ಆ ಕೋಣೆಗೆ ಹೇಳಿದ ಬಾಡಿಗೆ ಕೇಳಿ ನಾನು ಮತ್ತು ನಮ್ಮ ಗುಮಾಸ್ತರು ಮುಖ ಮುಖ ನೋಡಿಕೊಂಡು ಇಳಿದು ಬಂದೆವು. ಹಕ್ಕು ನಮ್ಮದೇ ಆಗಿತ್ತು, ಕೋಣೆ ಮೊಬೈಲ್ ಅಂಗಡಿಯ ಪಾಲಾಯಿತು. ಆದ್ದರಿಂದ ಟೈಲರಿಗೆ ವಕೀಲರೂ ಬೇಕು, ಬೀದಿಯೂ ಬೇಕು. ಬಾಯಿಮಾತಿಗೆ ಹೆದರಿ ಬೀಗದ ಕೈ ಕೊಡಬೇಡಿ ಎಂದು ಇವತ್ತೇ ಹೇಳಿ. ಮೂಲೆಯಲ್ಲಿ ಮೀನು ಮಾರುವ ಹೆಂಗಸರಿಗೂ ಕಾಯಿದೆಯಿದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಅವರನ್ನು ಎಬ್ಬಿಸುವಂತಿಲ್ಲ. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಸ್ಥಾನ ಅವರದೇ, ಅದರಲ್ಲಿ ಮೂರನೇ ಒಂದು ಪಾಲು ಹೆಂಗಸರದು.

ಪಾರಂಪರಿಕ ಬೀದಿಯ ಯೋಜನೆಯನ್ನು ವಿರೋಧಿಸಬೇಕೇ ಎಂದು ಕೇಳಿದ್ದೀರಿ. ನೋಡದ ಯೋಜನೆಯನ್ನು ವಿರೋಧಿಸುವುದು ಹೇಗೆ? ಕಾಸರಗೋಡು ನಗರಸಭೆಯ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 54 ಸಾವಿರ. ಒಂದು ಲಕ್ಷ ಮೀರದ ಊರಾದ್ದರಿಂದ 1994ರ ಕೇರಳ ಮುನಿಸಿಪಾಲಿಟಿ ಕಾಯಿದೆಯಡಿ ಇಲ್ಲಿ ವಾರ್ಡ್ ಸಭೆಯಿದೆ, ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು. ನೀವು ಕೊನೆಯ ಬಾರಿ ಹೋದದ್ದು ಯಾವಾಗ? ನಾನೂ ಹೋಗುವುದು ಕಡಿಮೆ, ಹಾಗಾಗಿ ಸಂಕೋಚದಿಂದಲೇ ಕೇಳುತ್ತಿದ್ದೇನೆ. ಅಲ್ಲಿ ತಪ್ಪದೆ ಹಾಜರಾಗುವವರು ಕುಟುಂಬಶ್ರೀಯ, ಎಂದರೆ ಕೇರಳದ ಮಹಿಳಾ ಸ್ವಸಹಾಯ ಕೂಟಗಳ, ಹೆಂಗಸರು. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರು ಬಾಡಿಗೆ ಬಾಕಿ ಇಟ್ಟಿದ್ದಾರೆ ಎಂಬುದು ನಿಮ್ಮ ಸಮಿತಿಯ ಗಂಡಸರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಬೀದಿಯ ಜನಗಣತಿಯನ್ನು ಅವರಿಂದಲೇ ಮಾಡಿಸಿ: ಮನೆಯವರು, ಬಾಡಿಗೆಯವರು, ಅಂಗಡಿಯವರು, ಮಹಡಿ ಮೇಲಿನ ಕೋಣೆಯಲ್ಲಿರುವ ಒಡಿಶಾದ ಹುಡುಗರು, ಎಲ್ಲರೂ. ಬಾಡಿಗೆಯವರ ಮತ ಬೇರೆ ವಾರ್ಡಿನಲ್ಲಿದ್ದರೆ ಇಲ್ಲಿಗೆ ವರ್ಗಾಯಿಸಿಕೊಳ್ಳಲಿ. ಅದಿಲ್ಲದೆ ವಾರ್ಡ್ ಸಭೆಯಲ್ಲಿ ಅವರಿಗೆ ಬಾಯಿಲ್ಲ.

ಕಾಗದಪತ್ರಗಳೆಲ್ಲ ಮಲಯಾಳಂನಲ್ಲಿ ಬರುತ್ತವೆ ಎಂಬ ನಿಮ್ಮ ದೂರಿನಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿ ಕನ್ನಡಿಗರು ಸರಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎನ್ನುತ್ತದೆ. ಯೋಜನೆಗಾಗಿ ಸರಕಾರ ಜಾಗ ಸ್ವಾಧೀನಪಡಿಸಿಕೊಳ್ಳಲು ಹೊರಟರೆ, 2013ರ ಭೂಸ್ವಾಧೀನ ಕಾಯಿದೆಯಂತೆ ಸಾಮಾಜಿಕ ಪರಿಣಾಮದ ವರದಿ ಸ್ಥಳೀಯ ಭಾಷೆಯಲ್ಲಿ ಸಿಗಬೇಕು, ಅಹವಾಲು ಕೇಳುವ ಸಭೆಯೂ ಆಗಬೇಕು. ಕೇಳಿದರೆ ಕೊಡುತ್ತಾರೆ ಎಂದಲ್ಲ. ಕೇಳಿದ ಕಾಗದದ ಪ್ರತಿ ಕೈಯಲ್ಲಿದ್ದರೆ ಮುಂದಿನ ಮಾತು ಸುಲಭ. ಆದರೆ ನಿಮ್ಮ ಕೂಟದ ನಿರ್ಣಯ ಪುಸ್ತಕ ಎರಡು ಲಿಪಿಯಲ್ಲಿರಲಿ. ನಮಗೆ ತಿಳಿಯದ ಭಾಷೆಯಲ್ಲಿ ನೋಟಿಸ್ ಬಂದಾಗ ಆಗುವ ಅವಮಾನವನ್ನು ಪಕ್ಕದ ಮನೆಯ ಮಲಯಾಳಿಗೆ ನಾವು ದಾಟಿಸುವುದು ಬೇಡ.

ಕೂಟವೇ ಒಂದು ಯೋಜನೆ ಬರೆಯಲಿ, ಎರಡು ಹಾಳೆ ಸಾಕು. ಯಾವ ಬಾವಿ ಉಳಿಯಬೇಕು, ಮಳೆನೀರು ಎಲ್ಲಿಗೆ ಹೋಗಬೇಕು, ಹೋಂಸ್ಟೇ ಎಷ್ಟು ಸಾಕು, ಬೀದಿಯ ಮಳಿಗೆಗಳಲ್ಲಿ ಎಷ್ಟನ್ನು ಹಳೆಯ ಕಸುಬಿನವರಿಗೆ ಕೈಗೆಟಕುವ ಬಾಡಿಗೆಗೆ ಮೀಸಲಿಡಬೇಕು. ಪಾರಂಪರಿಕ ಎಂದರೆ ಹಂಚು, ಕಂಬ, ಹಲಗೆ ಬಾಗಿಲು ಎಂದೇ ಯೋಜನೆ ಬರೆಯುವವರು ತಿಳಿದಿರುತ್ತಾರೆ. ಆ ಒಂಬತ್ತು ಹಲಗೆಗಳಿಗೆ ಪಾಲಿಶ್ ಹಾಕಿಸಿ, ಕಾಫಿ ಅಂಗಡಿಯ ಗೋಡೆಗೆ ಅಲಂಕಾರಕ್ಕೆ ಜಡಿದಾರು. ಆರನೆಯದನ್ನು ಹೊಂದುವುದಿಲ್ಲ ಎಂದು ಎಸೆದಾರು.

ಮುಂದಿನ ವಾರ್ಡ್ ಸಭೆ ಎಂದು ಎಂಬುದನ್ನು ಕೌನ್ಸಿಲರಿಂದ ತಿಳಿದು ನನಗೆ ಒಂದು ಕಾರ್ಡು ಹಾಕಿ. ನಿಮ್ಮ ಎರಡು ಹಾಳೆಯ ಕನ್ನಡವನ್ನು ತಿದ್ದಿ ಟೈಪ್ ಮಾಡಿಸುವ ಕೆಲಸ ನಮ್ಮ ಕಚೇರಿಯದು; ಮಲಯಾಳಂ ಪ್ರತಿಯನ್ನು ಬೀದಿಯಲ್ಲಿಯೇ ಯಾರಾದರೂ ಬರೆಯಲಿ. ನಾನು ಹೇಗೂ ಆ ಕಡೆ ಬರುವವನಿದ್ದೇನೆ. ಅಂಗಿ ಬುಧವಾರ ಸಿಗುತ್ತದೆ ಎಂದಿದ್ದಾರೆ ಟೈಲರ್. ಯಾವ ಬುಧವಾರ ಎಂದು ಕೇಳಲು ಮರೆತೆ.