ಮೊದಲ ಏಟಿಗೇ ಮರಗಟ್ಟುವವರಿಗೆ

ಪ್ರಶ್ನೆ: ನನಗೆ 27 ವರ್ಷ. ಎಂಟು ತಿಂಗಳಿಂದ ಬಾಕ್ಸಿಂಗ್ ಕಲಿಯುತ್ತಿದ್ದೇನೆ. ಬ್ಯಾಗ್ ಮೇಲೂ ಪ್ಯಾಡ್ ಮೇಲೂ ಕೈ ಚೆನ್ನಾಗಿಯೇ ಓಡುತ್ತದೆ ಎಂದು ತರಬೇತುದಾರರೇ ಹೇಳುತ್ತಾರೆ. ಆದರೆ ಜೊತೆಗಾರನೊಡನೆ ಆಡುವ ಅಭ್ಯಾಸದ ಕಾದಾಟವಾದ ಸ್ಪಾರಿಂಗ್‌ನಲ್ಲಿ ಮೂಗಿನ ಮೇಲೆ ಮೊದಲ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಬಿದ್ದ ಕೂಡಲೇ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ, ಎರಡೂ ಕೈ ಮುಖಕ್ಕೆ ಹೋಗುತ್ತವೆ, ಕಲಿತದ್ದೊಂದೂ ನೆನಪಿಗೆ ಬರುವುದಿಲ್ಲ. ಸಂಗಡಿಗರು ನನಗೆ ‘ಉತ್ತರಕುಮಾರ’ ಎಂದು ಹೆಸರಿಟ್ಟಿದ್ದಾರೆ. ನಾನು ಹುಟ್ಟು ಹೇಡಿಯೇ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಆ ಅಡ್ಡಹೆಸರಿನಿಂದಲೇ ಆರಂಭಿಸೋಣ, ಏಕೆಂದರೆ ಅದನ್ನು ಇಟ್ಟವರಿಗೆ ಕಥೆ ಅರ್ಧ ಮಾತ್ರ ಗೊತ್ತಿರುವಂತಿದೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ, ಅವನು ಕೌರವ ಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದಲ್ಲಿಗೇ ನಿಂತುಬಿಡುತ್ತದೆ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಅವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತಂದನಷ್ಟೆ. ಆದರೆ ಕೈಗೆ ಬಿಲ್ಲು ಕೊಟ್ಟು ಭೀಷ್ಮ ದ್ರೋಣರ ಎದುರಿಗೆ ತಳ್ಳಲಿಲ್ಲ, ಕುದುರೆಗಳ ವಾಘೆ ಕೊಟ್ಟು ಸಾರಥಿಯಾಗಿ ಕೂರಿಸಿದ. ಅದೇ ರಣರಂಗ, ಅದೇ ಬಾಣಗಳ ಮಳೆ. ಮಾಡಬೇಕಾದ ಕೆಲಸ ಮಾತ್ರ ಒಂದೇ, ಅದೂ ಅವನ ಕೈಲಾಗುವಂಥದ್ದು. ಯುದ್ಧದ ನಡುವೆ ಉತ್ತರ ಮತ್ತೊಮ್ಮೆ ಕಂಗೆಟ್ಟಾಗ ಅರ್ಜುನ ಧೈರ್ಯ ಹೇಳಿದ, ಗದರಿಸಲಿಲ್ಲ. ಓಡಿಹೋದ ಆ ಹುಡುಗನೇ ಕಡೆಯವರೆಗೂ ರಥ ನಡೆಸಿದ. ನಿಮಗೆ ಈಗ ಬೇಕಾಗಿರುವುದು ಇಂಥದೇ ಒಂದು ಸಣ್ಣ ಕೆಲಸ.

ಮರಗಟ್ಟುವುದು ಹೇಡಿತನವಲ್ಲ, ಶರೀರದ ಬಹಳ ಹಳೆಯ ಅಭ್ಯಾಸ. ನಾಯಿಯ ಸುಳಿವು ಸಿಕ್ಕ ಮೊಲ ಓಡುವುದಕ್ಕೆ ಮೊದಲು ಕಲ್ಲಿನಂತೆ ಕೂತುಬಿಡುವುದನ್ನು ಹೊಲದ ಕಡೆಯವರು ಕಂಡಿರುತ್ತಾರೆ. ಬೇಟೆಯಾಡುವ ಪ್ರಾಣಿಯ ಕಣ್ಣು ಅಲುಗಾಟವನ್ನೇ ಹುಡುಕುವುದರಿಂದ ಅಲುಗದಿರುವುದು ಅಲ್ಲಿ ಪ್ರಾಣ ಉಳಿಸುವ ಉಪಾಯ. ರಿಂಗಿನಲ್ಲಿ ಅದೇ ಉಪಾಯ ನಿಮ್ಮನ್ನು ಹೊಡೆಸಿಹಾಕುತ್ತದೆ. ಅಪಾಯವೆಂದು ಮಿದುಳು ಗ್ರಹಿಸಿದೊಡನೆ ರಕ್ತಕ್ಕೆ ಅಡ್ರಿನಲಿನ್ ಸೇರುತ್ತದೆ, ನೋಟ ಕಿರಿದಾಗಿ ಪಕ್ಕದಿಂದ ಬರುವ ಹುಕ್ ಕಾಣದಾಗುತ್ತದೆ, ಮೂಲೆಯಿಂದ ತರಬೇತುದಾರರು ಕೂಗಿದ್ದು ಕೇಳದಾಗುತ್ತದೆ. ಇಷ್ಟು ಸಾಲದೆಂಬಂತೆ ನೀವು ಉಸಿರನ್ನೂ ಬಿಗಿಹಿಡಿದಿರುತ್ತೀರಿ. ಒಂದೇ ನಿಮಿಷದಲ್ಲಿ ತೋಳುಗಳು ಸೀಸದಂತಾಗುವುದಕ್ಕೆ ಎಷ್ಟೋ ಸಲ ಅದೇ ಕಾರಣ. ಬ್ಯಾಗ್ ತಿರುಗಿ ಹೊಡೆಯುವುದಿಲ್ಲವಾದ್ದರಿಂದ, ಎಂಟು ತಿಂಗಳು ಪಳಗಿದ ನಿಮ್ಮ ದೇಹಕ್ಕೆ ಏಟು ತಿನ್ನುವ ಸಂದರ್ಭ ಇನ್ನೂ ಹೊಚ್ಚ ಹೊಸದು.

ಹಾಗಾದರೆ ನಿಮ್ಮ ಕೈಗೆ ಕೊಡಬೇಕಾದ ವಾಘೆ ಯಾವುದು? ಕೆಲವು ವಾರ ‘ಸ್ಪಾರಿಂಗ್’ ಎಂಬ ಮಾತನ್ನೇ ಬದಿಗಿಟ್ಟು, ತೂಕದಲ್ಲಿ ಸರಿಸಮನಾದ, ತಾಳ್ಮೆಯುಳ್ಳ ಜೊತೆಗಾರನೊಬ್ಬನನ್ನು ಕೇಳಿಕೊಳ್ಳಿ. ಮೂರು ನಿಮಿಷದ ಸುತ್ತಿನಲ್ಲಿ ಆತ ಜ್ಯಾಬ್ ಮಾತ್ರ ಹೊಡೆಯಲಿ, ಅದೂ ಬಾಗಿಲು ತಟ್ಟುವಷ್ಟೇ ಬಲದಲ್ಲಿ. ನೀವು ತಿರುಗಿ ಹೊಡೆಯುವ ಹಾಗಿಲ್ಲ. ಗಲ್ಲದ ಪಕ್ಕದಲ್ಲಿರುವ ಹಿಂದಿನ ಕೈಯ ಗ್ಲೌಸಿನಲ್ಲಿ ಆ ಜ್ಯಾಬ್ ಹಿಡಿಯುವುದಷ್ಟೇ ನಿಮ್ಮ ಕೆಲಸ. ಬೇಸರ ಬರುವಷ್ಟು ಸಲ ಇದು ನಡೆಯಬೇಕು. ಶಿಷ್ಯರ ಮುಖದಲ್ಲಿ ನಾನು ಕಾಯುವುದು ಆ ಬೇಸರಕ್ಕೇ, ಏಕೆಂದರೆ ಬೇಸರವೂ ಭಯವೂ ಒಂದೇ ಮೈಯಲ್ಲಿ ಒಟ್ಟಿಗೆ ಇರಲಾರವು. ಬಳಿಕ, ಹಿಡಿದ ಪ್ರತಿ ಜ್ಯಾಬ್‌ಗೆ ನಿಮ್ಮದೊಂದನ್ನು ಮರಳಿಸಿ. ಅನಂತರ ಇಬ್ಬರೂ ಜ್ಯಾಬ್ ಮಾತ್ರ, ಆಮೇಲೆ ತಲೆ ಬಿಟ್ಟು ಮೈಗೆ ಮಾತ್ರ. ಎಲ್ಲ ಹೊಡೆತಗಳಿರುವ ಸುತ್ತಿಗೆ ಅವಸರ ಬೇಡ.

ಎದುರಾಳಿಯ ಗ್ಲೌಸನ್ನು ದಿಟ್ಟಿಸಬೇಡಿ. ನೋಟ ಅವನ ಕೊರಳೆಲುಬಿನ ಬಳಿ ನಿಂತರೆ ಹೆಗಲು ಕದಲುವುದು ಮೊದಲೇ ಕಾಣುತ್ತದೆ. ಕಣ್ಣು ಮುಚ್ಚಬೇಡ ಎಂದು ಗದರಿಸಿದರೆ ಯಾರ ಕಣ್ಣೂ ತೆರೆದುಕೊಂಡಿರುವುದಿಲ್ಲ. ಬರುವುದು ಗೊತ್ತಿರುವ ಹೊಡೆತಕ್ಕೆ ಅದು ತಾನಾಗಿ ಒಗ್ಗುತ್ತದೆ. ಪ್ರತಿ ಹೊಡೆತಕ್ಕೂ ಹಲ್ಲಿನ ನಡುವಿನಿಂದ ‘ಸ್ಸ್’ ಎಂದು ಉಸಿರು ಬಿಡುವುದು ಶೋಕಿಗಲ್ಲ, ಉಸಿರು ಕಟ್ಟದಿರಲಿ ಎಂದು. ಏಟು ಬಿದ್ದ ಮೇಲೆ ಏನು ಮಾಡಬೇಕೆಂಬುದನ್ನು ರಿಂಗಿಗೆ ಹೋಗುವ ಮೊದಲೇ ನಿಶ್ಚಯಿಸಿಕೊಳ್ಳಿ: ಉಸಿರು ಬಿಡು, ಪಕ್ಕಕ್ಕೆ ಎರಡು ಹೆಜ್ಜೆ ಇಡು, ಜ್ಯಾಬ್ ಹೊಡೆ. ನೇರ ಹಿಂದಕ್ಕೆ ಸರಿದರೆ ಬೆನ್ನಿಗೆ ಹಗ್ಗ ಸಿಗುತ್ತದೆ. ಆ ಕ್ಷಣದಲ್ಲಿ ಯೋಚಿಸುತ್ತೇನೆ ಎಂಬ ಭರವಸೆ ಬೇಡ, ಯೋಚನೆ ಅಲ್ಲಿಗೆ ಬರುವುದಿಲ್ಲ.

ಇನ್ನು ಮುಂದಿನದನ್ನು ನಿಮ್ಮ ತರಬೇತುದಾರರು ಓದಲಿ ಎಂದೇ ಬರೆಯುತ್ತಿದ್ದೇನೆ. ಹೊಸಬನನ್ನು ಗಟ್ಟಿ ಮಾಡುವ ಹೆಸರಿನಲ್ಲಿ ಅನುಭವಿಯ ಎದುರು ಬಿಡುವ ಪದ್ಧತಿ ಹಲವು ಕಡೆ ಇದೆ. ನಾನು ಕಲಿಯುತ್ತಿದ್ದಾಗ, ಮೊದಲ ತಿಂಗಳಲ್ಲೇ ನನಗಿಂತ 15 ಕಿಲೋ ಭಾರದವನ ಮುಂದೆ ನನ್ನನ್ನು ನಿಲ್ಲಿಸಿದರು. ಅಂದು ನಾನು ಕಲಿತದ್ದು ಸ್ಪಾರಿಂಗ್ ಇರುವ ಶನಿವಾರಗಳಂದು ಜ್ವರದ ನೆಪ ಹೇಳುವುದನ್ನು. ನಮ್ಮ ಗರಡಿಮನೆಗಳಲ್ಲಿ ಒಳ್ಳೆಯ ಉಸ್ತಾದರು ಹೀಗೆ ಮಾಡುವುದಿಲ್ಲ. ಹಿರಿಯ ಪೈಲ್ವಾನ ಕುಸ್ತಿಯ ಕಣಕ್ಕೆ ಇಳಿದು ಹುಡುಗನಿಗೆ ಮೈ ಕೊಡುತ್ತಾನೆ, ಪಟ್ಟು ಹಾಕಿಸಿಕೊಳ್ಳುತ್ತಾನೆ, ಬೀಳುತ್ತಾನೆ ಕೂಡ. ಥಾಯ್ಲೆಂಡಿನ ಮುವಾಯ್ ಥಾಯ್ ಶಿಬಿರಗಳಲ್ಲಿ, ಪದೇಪದೇ ನಿಜವಾದ ಪಂದ್ಯ ಆಡುವವರೇ ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ನಗುತ್ತಾ ಮುಟ್ಟಿ ಬಿಡುವುದನ್ನು ಕಾಣಬಹುದು.

ಅಭ್ಯಾಸಕ್ಕೆ 16 ಔನ್ಸ್ ಗ್ಲೌಸ್ ಇರಲಿ. ಹೆಡ್‌ಗಾರ್ಡ್ ಧರಿಸಿ, ಆದರೆ ಅದು ಗಾಯವನ್ನು ತಡೆಯುತ್ತದೆಯೇ ಹೊರತು ತಲೆಯೊಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ ಎಂಬುದು ನೆನಪಿರಲಿ. 2013ರಲ್ಲಿ ವಯಸ್ಕ ಪುರುಷರ ಅಮೆಚೂರ್ ಬಾಕ್ಸಿಂಗ್‌ನಿಂದ ಅದನ್ನು ತೆಗೆದೇಬಿಟ್ಟರು, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಪುರುಷರು ಬರಿದಲೆಯಲ್ಲೇ ಆಡಿದರು. ಸ್ಪಾರಿಂಗ್ ನಂತರ ತಲೆನೋವು, ವಾಂತಿ, ಮಂಕು ಕಂಡರೆ ಅದನ್ನು ಅಂಜಿಕೆಯ ಖಾತೆಗೆ ಹಾಕದೆ ವೈದ್ಯರ ಬಳಿ ಹೋಗಬೇಕು.

ಪ್ರಶ್ನೆ: ನನ್ನ 13 ವರ್ಷದ ಮಗಳು ಟೇಕ್ವಾಂಡೋ ಕಲಿಯುತ್ತಿದ್ದಾಳೆ. ಸ್ಪಾರಿಂಗ್ ಇರುವ ದಿನ ಹೊಟ್ಟೆನೋವು ಎನ್ನುತ್ತಾಳೆ, ಕೆಲವೊಮ್ಮೆ ಅಳುತ್ತಾಳೆ. ಬಿಡಿಸಿಬಿಡಲೇ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಹೊಟ್ಟೆನೋವು ನೆಪವಲ್ಲ. ಆತಂಕದಲ್ಲಿ ರಕ್ತ ಜೀರ್ಣಾಂಗಗಳನ್ನು ಬಿಟ್ಟು ಸ್ನಾಯುಗಳ ಕಡೆ ಹರಿಯುವುದರಿಂದ ಹೊಟ್ಟೆ ನಿಜವಾಗಿಯೂ ಹಿಂಡುತ್ತದೆ. ಅಳುವಿನ ವಿಷಯಕ್ಕೆ ಬಂದರೆ, 1986ರಲ್ಲಿ 20ನೇ ವಯಸ್ಸಿಗೇ ಹೆವಿವೇಟ್ ವಿಶ್ವ ಚಾಂಪಿಯನ್ ಆದ ಮೈಕ್ ಟೈಸನ್, ಅದಕ್ಕೆ ನಾಲ್ಕು ವರ್ಷ ಮೊದಲು ಜೂನಿಯರ್ ಒಲಿಂಪಿಕ್ಸ್ ಪಂದ್ಯವೊಂದಕ್ಕೆ ಮುನ್ನ ತರಬೇತುದಾರರನ್ನು ಹಿಡಿದುಕೊಂಡು ಬಿಕ್ಕಿದ್ದು ಇಂದಿಗೂ ಚಿತ್ರದಲ್ಲಿ ಉಳಿದಿದೆ. ಅತ್ತ ಮೇಲೆ ಆತ ಒಳಗೆ ಹೋಗಿ ಆಡಿದ.

ನೀವು ಗಮನಿಸಬೇಕಾದದ್ದು ತರಗತಿಗೆ ಹೋಗುವಾಗಿನ ಮುಖವನ್ನಲ್ಲ, ಬರುವಾಗಿನದನ್ನು. ಬೆವರು ಒರೆಸಿಕೊಳ್ಳುತ್ತಾ ಒದೆತಗಳ ವರದಿ ಒಪ್ಪಿಸುವ ಹುಡುಗಿಯನ್ನು ಬಿಡಿಸಬೇಡಿ. ಮರಳುವಾಗಲೂ ಮೌನವಾಗಿದ್ದು, ನೋವು ಮರುದಿನಕ್ಕೂ ಉಳಿಯುತ್ತಿದ್ದರೆ, ಅವಳ ಎದುರು ಯಾರನ್ನು ನಿಲ್ಲಿಸುತ್ತಿದ್ದಾರೆ, ಆ ಮಗು ಎಷ್ಟು ದೊಡ್ಡದು, ಯಾರಾದರೂ ಹಂಗಿಸುತ್ತಿದ್ದಾರೆಯೇ ಎಂಬುದನ್ನು ಒಂದು ಸಂಜೆ ಹೋಗಿ ಮೂಲೆಯಲ್ಲಿ ಕೂತು ನೋಡಿ. ಮನೆಗೆ ಬರುವ ದಾರಿಯಲ್ಲಿ ‘ಗೆದ್ದೆಯಾ’ ಎಂಬ ಪ್ರಶ್ನೆಯನ್ನು ದಯವಿಟ್ಟು ಕೇಳಬೇಡಿ.

ಪ್ರಶ್ನೆ: ನನ್ನದು ತಿರುಗಾಮುರುಗಾ. ಏಟು ತಿನ್ನಲು ಹೆದರಿಕೆಯಿಲ್ಲ, ಹೊಡೆಯಲು ಕೈ ಏಳುವುದಿಲ್ಲ. ಎದುರಿನವರಿಗೆ ನೋವಾಗುತ್ತದೆ ಎನಿಸಿ ನಿಂತುಬಿಡುತ್ತೇನೆ.
— ಕಿಕ್‌ಬಾಕ್ಸಿಂಗ್ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಇದು ನೀವು ಅಂದುಕೊಂಡಷ್ಟು ಅಪರೂಪವಲ್ಲ, ಮತ್ತು ಇದೂ ಮರಗಟ್ಟುವುದೇ. ಆದರೆ ಗಾಳಿಯಲ್ಲಿ ನಿಲ್ಲುವ ನಿಮ್ಮ ಹೊಡೆತದಿಂದ ಜೊತೆಗಾತಿಗೆ ಉಪಕಾರವೇನೂ ಆಗುತ್ತಿಲ್ಲ. ಅವಳ ಗಾರ್ಡ್ (ಮುಖ ಕಾಯುವ ಕೈಗಳ ನಿಲುವು) ತೆರೆದಿದೆ ಎಂಬುದು ಅವಳಿಗೆ ತಿಳಿಯುವುದು ನಿಮ್ಮ ಗ್ಲೌಸ್ ಅಲ್ಲಿಗೆ ಮುಟ್ಟಿದಾಗ ಮಾತ್ರ. ಗುರಿಯನ್ನು ಕಡಿಮೆ ಮಾಡದೆ ಭಾರವನ್ನು ಕಡಿಮೆ ಮಾಡಿ. ಮೊದಲ ಸುತ್ತಿಗೆ ಮುಂಚೆ ಅವಳ ಹೆಗಲಿಗೆ ಒಂದು ಹೊಡೆತ ಕೊಟ್ಟು, ‘ಇಷ್ಟು ಸಾಕೇ’ ಎಂದು ಕೇಳಿ. ಹೆಚ್ಚಿನವರು ‘ಇನ್ನೂ ಸ್ವಲ್ಪ ಜೋರಾಗಿ’ ಎನ್ನುತ್ತಾರೆ.